ಮೂವತ್ತನಾಲ್ಕು ಇಂಚಿನ ಮುತ್ತುರಾಜ್

ಮುತ್ತುರಾಜ್ ತನ್ನ ಪ್ಯಾಂಟಿನ ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿದನೆಂದರೆ ರಾಯದುರ್ಗದಲ್ಲಿ ಗಾಳಿ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಬೆಟ್ಟದ ಮೇಲಿನ ಕೋಟೆಗೋಡೆಯಲ್ಲಿ ಕೂತ ಹದ್ದು ರೆಕ್ಕೆ ಮಡಚಿಕೊಳ್ಳುತ್ತದಂತೆ, ಬಳ್ಳಾರಿ ಬಸ್ಸಿನ ಡ್ರೈವರು ಹಾರನ್ನಿನ ಮೇಲಿಂದ ಕೈ ತೆಗೆಯುತ್ತಾನಂತೆ. ಹದ್ದಿನ ವಿಷಯ ಹೇಗೋ ಗೊತ್ತಿಲ್ಲ, ಬಸ್ಸಿನದಂತೂ ಶುದ್ಧ ಸುಳ್ಳು. ಆದರೆ ಬೆರಳಿನ ಮಾತು ನಿಜ. ಚಹಾ ಕುಡಿಯುವ ಮುಂಚೆ ಅವನು ಎರಡು ಬೆರಳು ಹಾಕಿ ನೋಡಿಕೊಳ್ಳುತ್ತಿದ್ದ. ನೇಮಕಲ್ಲಿನ ಆಂಜನೇಯನಿಗೆ ಕೈ ಮುಗಿಯುವ ಮುಂಚೆಯೂ ಹಾಕುತ್ತಿದ್ದ. ತನ್ನ ಮದುವೆಯಲ್ಲಿ ತಾಳಿ ಕೈಗೆ ಬಂದ ಗಳಿಗೆಯಲ್ಲಿ ಪಂಚೆಯ ಸೊಂಟಕ್ಕೆ ಎರಡು ಬೆರಳು ಹಾಕಿ ತಲೆಯಾಡಿಸಿದಾಗ, ಅವರ ಕಡೆಯಲ್ಲಿ ಅದೂ ಒಂದು ಶಾಸ್ತ್ರವೆಂದು ತಿಳಿದ ಪುರೋಹಿತರು ಅದಕ್ಕೂ ನಾಲ್ಕು ಅಕ್ಷತೆ ಹಾಕಿದ್ದರು.

ಇದಕ್ಕೆ ಕಾರಣ ಅವನ ಕಸುಬು. ಬಳ್ಳಾರಿ ರಸ್ತೆಯ ಹಿಂದುಗಡೆ ಯರ್ರಪ್ಪನವರದೊಂದು ಜೀನ್ಸ್ ಹೊಲಿಯುವ ಯೂನಿಟ್ಟು. ಮುತ್ತುರಾಜ್ ಅಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆ ಕತ್ತರಿಸುವುದು ಅವನ ಕೆಲಸ, ಆದರೆ ಅವನ ಪದವಿ ಬೇರೆಯದೇ ಇತ್ತು. ಅವನು ಆ ಯೂನಿಟ್ಟಿನ ಮೂವತ್ತನಾಲ್ಕು. ಹೊಸ ಮಾದರಿಯ ಪ್ಯಾಂಟು ಹೊಲಿದಾಗ ಮೊದಲ ಪೀಸನ್ನು ಅವನಿಗೇ ತೊಡಿಸುತ್ತಿದ್ದರು. ಅವನು ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಕೂರಬೇಕು, ಕುಕ್ಕರಗಾಲಲ್ಲಿ ಕೂತು ಏಳಬೇಕು, ಯರ್ರಪ್ಪನವರ ಮೊಪೆಡ್ಡಿನ ಮೇಲೆ ಕಾಲು ಹಾಯಿಸಬೇಕು. ಇಷ್ಟಾದ ಮೇಲೂ ಪಟ್ಟಿಯೊಳಗೆ ಎರಡು ಬೆರಳು ಆರಾಮಾಗಿ ಹೋದರೆ ಅಳತೆ ಸರಿ. ಒಂದೇ ಹೋದರೆ ಬಿಗಿ, ಮೂರು ಹೋದರೆ ಸಡಿಲ. ಅವನ ಮೈಮೇಲೆ ಸರಿಹೋದ ಮೂವತ್ತನಾಲ್ಕರಿಂದಲೇ ಮೂವತ್ತೆರಡು, ಮೂವತ್ತಾರು, ಮೂವತ್ತೆಂಟರ ರಟ್ಟಿನ ನಮೂನೆಗಳೆಲ್ಲ ಹುಟ್ಟುತ್ತಿದ್ದವು.

ಹೀಗೆ ಕಲ್ಯಾಣದುರ್ಗದಿಂದ ಚಳ್ಳಕೆರೆಯವರೆಗೆ ಆ ಪ್ಯಾಂಟು ಕೊಂಡ ಗಂಡಸರೆಲ್ಲ ಗೊತ್ತಿಲ್ಲದೆ ಮುತ್ತುರಾಜನ ಮೈಯೊಳಗೆ ಓಡಾಡುತ್ತಿದ್ದರು. ರಾಜಮಹಾರಾಜರು ನೆಲ ಆಳಿರಬಹುದು. ನಾಲ್ಕು ತಾಲೂಕಿನ ಸೊಂಟ ಆಳಿದವನು ಇವನೊಬ್ಬನೇ.

ಆದರೆ ಆಳುವವರಿಗೆ ಅಂಟುವ ರೋಗ ಅವನಿಗೂ ಅಂಟಿತು. ನಲವತ್ತು ದಾಟಿತು, ಹೊಟ್ಟೆ ಬಂತು. ಸಂಜೆ ಯೂನಿಟ್ಟಿನ ಎದುರು ನಿಲ್ಲುವ ಗಾಡಿಯ ಮಿರ್ಚಿ ಬಜ್ಜಿ, ಅದರ ಜತೆ ಮಂಡಕ್ಕಿ ಒಗ್ಗರಣೆ, ಭಾನುವಾರ ಡಿ. ಹಿರೇಹಾಳಿನ ಭಾಮೈದನ ಮನೆಯ ಕುರಿ ಸಾರು. ಇಲ್ಲಿ ಮುತ್ತುರಾಜ್ ಕುರಿ ಸಾರು ಉಂಡರೆ ಮುಂದಿನ ತಿಂಗಳು ಚಳ್ಳಕೆರೆಯ ಗಂಡಸರು ಹೊಸ ಪ್ಯಾಂಟು ಹಾಕಿಕೊಂಡು, ಅಯ್ಯೋ ನಾನು ಇಳಿದುಹೋದೆನಲ್ಲ ಎಂದು ಹಿಗ್ಗುತ್ತಿದ್ದರು. ಮೊದಮೊದಲು ಇದರಿಂದ ವ್ಯಾಪಾರ ಏರಿತು ಕೂಡ. ಆಮೇಲೆ ಬಳ್ಳಾರಿಯ ಅಂಗಡಿಯವರಿಂದ ಫೋನು ಬಂತು. ನಿಮ್ಮ ಮೂವತ್ತನಾಲ್ಕು ಹಾಕಿಕೊಂಡ ಮೇಷ್ಟ್ರೊಬ್ಬರು ಪಾಠ ಮಾಡುತ್ತ ಬೋರ್ಡಿಗೆ ಕೈ ಎತ್ತಿದರಂತೆ, ಪ್ಯಾಂಟು ನಿಲ್ಲಲಿಲ್ಲವಂತೆ.

ಯರ್ರಪ್ಪನವರು ಟೇಪು ತಂದರು. ಮುತ್ತುರಾಜ್ ಉಸಿರು ಹಿಡಿದ. ಯರ್ರಪ್ಪನವರಿಗೆ ಪುರುಸೊತ್ತಿತ್ತು, ಕಾದರು. ಅವನು ಉಸಿರು ಬಿಟ್ಟ. ಟೇಪು ಮೂವತ್ತಾರು ಎಂದಿತು.

"ಮುತ್ತು, ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪ್ಪ," ಎಂದರು ಯರ್ರಪ್ಪನವರು. "ಆದ್ರ ನೀನು ಮೂವತ್ನಾಲ್ಕು ಅಲ್ಲ ಈಗ."

"ಮಧ್ಯಾಹ್ನ ಉಂಡು ಬಂದೀನ್ರಿ ಸಾವ್ಕಾರ್ರ. ಬೆಳಿಗ್ಗೆ ಹಿಡೀರಿ ಟೇಪು."

"ಗಿರಾಕಿ ಏನು ಉಪಾಸ ಇದ್ದು ಪ್ಯಾಂಟ್ ಹಾಕ್ಕೊಂತಾನೇನು?"

ಮರುದಿನ ಬಳ್ಳಾರಿಯಿಂದ ಒಂದು ಬೊಂಬೆ ಬಂತು. ತಲೆಯಿಲ್ಲ, ಕೈಯಿಲ್ಲ, ಎರಡು ಕಾಲು ತುಸು ಅಗಲಿಸಿ ಬರೀ ಸೊಂಟದ ಮೇಲೆ ನಂಬಿಕೆಯಿಟ್ಟು ನಿಂತಿತ್ತು. ಜೀವಮಾನವಿಡೀ ಮೂವತ್ತನಾಲ್ಕು.

"ಇದು ಉಣ್ಣಂಗಿಲ್ಲ ನೋಡು," ಎಂದರು ಯರ್ರಪ್ಪನವರು.

"ಕುಂದ್ರಂಗೂ ಇಲ್ಲ," ಎಂದ ಮುತ್ತುರಾಜ್.

ಆ ಒಂದು ಮಾತು ಅವನನ್ನು ಉಳಿಸಿತು. ಕೂರಲಾರದ ಬೊಂಬೆಯ ಮೇಲೆ ಪ್ಯಾಂಟಿನ ಪರೀಕ್ಷೆ ಅರ್ಧವೇ ಎಂದು ಯರ್ರಪ್ಪನವರಿಗೂ ಗೊತ್ತಿತ್ತು. ದಸರಾ ವ್ಯಾಪಾರದ ಮಾಲಿಗೆ ಸ್ಯಾಂಪಲ್ ಹಾಕುವವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಹಳೆಯ ಮೂವತ್ತನಾಲ್ಕರ ಪ್ಯಾಂಟಿನಲ್ಲಿ ಎರಡು ಬೆರಳು ಹೋಗಬೇಕು, ಇಲ್ಲದಿದ್ದರೆ ಪದವಿ ಬೊಂಬೆಗೆ.

ಅದೇ ಯೂನಿಟ್ಟಿನಲ್ಲಿ ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಮಷಿನ್ನಿಗೆ ಕೂರುವ ಅವನ ಹೆಂಡತಿ ಮಂಜುಳ ಇದನ್ನೆಲ್ಲ ಕೇಳಿಸಿಕೊಂಡು ದಾರ ಕಚ್ಚಿ ತುಂಡು ಮಾಡಿದಳು. "ಬೊಂಬಿ ಸವತಿ ಬಂತು ಅಂದ್ಕೊಂಡಿದ್ದೆ. ನಿಮಗ ದಾಯಾದಿ ಬಂದಂಗಾತು," ಎಂದಳು.

ಹಳೆಯ ಶೇಂಗಾ ಗೋದಾಮಿನಲ್ಲಿ ಕಿರಣ್‌ಕುಮಾರನ ಜಿಮ್ಮಿತ್ತು. ಎಷ್ಟು ತೊಳೆದರೂ ಅಲ್ಲಿ ಶೇಂಗಾ ವಾಸನೆ ಹೋಗಿರಲಿಲ್ಲ, ಕಸರತ್ತು ಮಾಡಿದವರಿಗೆಲ್ಲ ಹಸಿವಾಗುತ್ತಿತ್ತು. ಕಿರಣ್‌ಕುಮಾರ್ ಮೂರು ಕಾಲದಲ್ಲೂ ಒಂದು ಅಗಲವಾದ ಕರಿ ಟೀ ಶರ್ಟು ಹಾಕುತ್ತಿದ್ದ. ಒಳಗಿರುವುದನ್ನು ತೋರಿಸಿದರೆ ಜನ ಹೆದರಿ ಸೇರುವುದಿಲ್ಲವೆಂದು ಮುಚ್ಚಿಟ್ಟಿದ್ದಾನೆ ಎಂಬುದು ಊರಿನ ನಂಬಿಕೆ.

"ಮಾಸ್ಟರ್, ಮೈಗೆ ರೂಢಿ ಆಗೋಕ ಬಿಡಬಾರ್ದು," ಎಂದು ಅವನು ಉಪದೇಶ ಕೊಟ್ಟ. "ಇವತ್ತು ಮಾಡಿದ್ದು ನಾಳೆ ಮಾಡಿದ್ರಿ ಅಂದ್ರ ಕಂಡಗಳಿಗೆ ಗೊತ್ತಾಗಿಬಿಡ್ತದ. ಓ, ಇವನು ಇಷ್ಟ ಅಂತ ಮಲಗಿಬಿಡ್ತಾವ. ದಿನಾ ಬದಲಾಯಿಸ್ರಿ. ಅವಕ್ಕ ಗಾಬರಿ ಹುಟ್ಟಿಸ್ರಿ."

ಒಂದೇ ರಟ್ಟಿನ ಮೇಲೆ ಸಾವಿರ ಪ್ಯಾಂಟು ಕತ್ತರಿಸಿದ ಮನುಷ್ಯನಿಗೆ ಈ ಮಾತು ಹೊಸ ಧರ್ಮದಂತೆ ಕೇಳಿತು. ಹೊಸದಾಗಿ ಸೇರಿದವರ ಭಕ್ತಿಯೇ ಹೆಚ್ಚಲ್ಲವೇ. ಸೋಮವಾರ ಡಂಬೆಲ್ಸು, ಮಂಗಳವಾರ ಕಬ್ಬಿಣದ ಗುಂಡು, ಬುಧವಾರ ರಬ್ಬರ್ ಪಟ್ಟಿ, ಗುರುವಾರ ಲಾರಿ ಟೈರು ಮಗುಚುವುದು. ಕಿರಣ್‌ಕುಮಾರನ ಮೊಬೈಲಿನಲ್ಲಿ ಯಾವ ವಿಡಿಯೋ ಬಂದಿತ್ತೋ ಅದು ಆ ದಿನದ ಪಾಠ. ಒಂದು ದಿನ ಮುತ್ತುರಾಜ್ ಒಂಟಿಗಾಲಲ್ಲಿ ನಿಂತು ಬಿಂದಿಗೆ ಎತ್ತಿದ. ಇನ್ನೊಂದು ದಿನ ಮನೆಯಲ್ಲೇ ಮಂಚದ ಕೆಳಗೆ ಅಂಗಾತ ಮಲಗಿ ಮಂಚ ಎತ್ತಿದ. ಮೇಲೆ ಮಂಜುಳ ಮಲಗಿದ್ದಳು. ಆ ದಿನ ಗಾಬರಿ ಹುಟ್ಟಿದ್ದು ಕಂಡಗಳಿಗಲ್ಲ.

ಫಲ ಬೇಗ ಕಂಡಿತು. ಪ್ರತಿ ಬೆಳಿಗ್ಗೆ ಒಂದು ಹೊಸ ಜಾಗದಲ್ಲಿ ನೋವು. ಕತ್ತರಿ ಹಿಡಿದರೆ ತೋಳು ಸೆಳೆಯಿತು, ಬಗ್ಗಿದರೆ ಪಕ್ಕೆ ಕೂಗಿತು. ತನ್ನ ಮೈಯಲ್ಲಿ ಇಷ್ಟು ಜಾಗಗಳಿವೆ ಎಂದು ಅವನಿಗೆ ಮೊದಲ ಸಲ ತಿಳಿಯಿತು. ಆದರೆ ಎತ್ತುವ ತೂಕ ಏರಲಿಲ್ಲ, ಏಕೆಂದರೆ ಯಾವ ತೂಕದ ಜತೆಗೂ ಅವನಿಗೆ ಎರಡನೇ ಭೇಟಿ ಇರಲಿಲ್ಲ. ದಿನಾ ಹೊಸದು ಕಲಿಯುವುದರಲ್ಲೇ ಹೊತ್ತು ಹೋಗುತ್ತಿತ್ತು, ಬೆವರು ಬರುವಷ್ಟರಲ್ಲಿ ಜಿಮ್ಮಿನ ಬಾಗಿಲು ಹಾಕುತ್ತಿದ್ದರು. ಸೊಂಟ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಹಳೆಯ ಪ್ಯಾಂಟಿನಲ್ಲಿ ಕಿರುಬೆರಳು ಕೂಡ ಉಗುರಿನವರೆಗೆ ಹೋಗಿ ಹಿಂದಿರುಗಿತು.

"ದಿನಾ ಒಬ್ಬೊಬ್ಬ ಟೈಲರ್ ಹತ್ರ ಅದೇ ಬ್ಲೌಸ್ ಕೊಟ್ರ ಅದು ಎಂದಾದ್ರೂ ಮುಗೀತದೇನ್ರಿ?" ಎಂದಳು ಮಂಜುಳ, ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ. "ಇವತ್ತೊಬ್ಬ ತೋಳು ಬಿಚ್ತಾನ, ನಾಳೆ ಇನ್ನೊಬ್ಬ ಕೊರಳು ಬಿಚ್ತಾನ."

"ಕಿರಣ ಓದಿಕೊಂಡಾನ."

"ಅವನ ಹೊಟ್ಟಿ ನೋಡೀರೇನು?"

"ಟೀ ಶರ್ಟ್ ಅಡ್ಡ ಐತಿ."

"ಅದಕ್ಕ ಕೇಳಿದೆ," ಎಂದು ಅವಳು ಎಣ್ಣೆ ಬಟ್ಟಲು ಎತ್ತಿಟ್ಟಳು.

ಮುತ್ತುರಾಜ್ ಯೋಚಿಸಿದ. ಯೋಚಿಸಿದಾಗ ಅವನು ಒಂದು ತುದಿಯಿಂದ ನೇರ ಇನ್ನೊಂದು ತುದಿಗೆ ಹೋಗುವ ಗಿರಾಕಿ. ಮರುದಿನದಿಂದ ಒಂದೇ ಕಸರತ್ತು ಹಿಡಿದ. ಭುಜದ ಮೇಲೆ ಭಾರ ಹೊತ್ತು ಬಸ್ಕಿ. ಸೋಮವಾರ ಬಸ್ಕಿ, ಮಂಗಳವಾರ ಬಸ್ಕಿ, ಅಮಾವಾಸ್ಯೆಗೆ ಬಸ್ಕಿ, ಹುಣ್ಣಿಮೆಗೆ ಬಸ್ಕಿ. ಯೂನಿಟ್ಟಿನಲ್ಲೂ ಬಿಡುವಾದಾಗ ಜೀನ್ಸ್ ಬಟ್ಟೆಯ ಥಾನೊಂದನ್ನು ಹೆಗಲಿಗೇರಿಸಿಕೊಂಡು ಬೊಂಬೆಯ ಎದುರು ನಿಂತು, ಅದರ ತಲೆಯಿದ್ದಿರಬಹುದಾದ ಜಾಗವನ್ನು ದುರುಗುಟ್ಟಿ ನೋಡುತ್ತ ಕೂತು ಎದ್ದು ಮಾಡುತ್ತಿದ್ದ. ಈಗ ತೂಕ ಏರತೊಡಗಿತು. ಮೊದಲು ಒಂದು ಥಾನು, ಆಮೇಲೆ ಒಂದೂವರೆ, ಆಮೇಲೆ ಎರಡು.

ಕಿರಣ್‌ಕುಮಾರನಿಗೆ ಇದನ್ನು ಸಹಿಸಲಾಗಲಿಲ್ಲ. "ಏನ್ರಿ ಮಾಸ್ಟರ್, ನಿನ್ನೀದ ಮಾಡಾಕತ್ತೀರಿ?"

"ಇಲ್ಲಪ್ಪ. ನಿನ್ನೆ ಬೆಟ್ಟದ ಕಡೆ ಮುಖ ಮಾಡಿ ಮಾಡಿದ್ದೆ. ಇವತ್ತು ಬಸ್ ಸ್ಟ್ಯಾಂಡ್ ಕಡೆ."

"ಮತ್ತ ನಾಳೆ?"

"ನಾಳೆ ಕಣ್ಣು ಮುಚ್ಚಿಕೊಂಡು."

ಕಿರಣ್‌ಕುಮಾರ್ ಗಂಭೀರವಾಗಿ ತಲೆಯಾಡಿಸಿದ. ಬದಲಾವಣೆ ಬದಲಾವಣೆಯೇ.

ಒಂದು ಬೆಳಿಗ್ಗೆ ಹಳೆಯ ಪ್ಯಾಂಟಿನ ಪಟ್ಟಿಯೊಳಗೆ ಒಂದು ಬೆರಳು ಹೋಯಿತು. ಅದು ಬಸ್ಕಿಯ ಪವಾಡವೆಂದು ಮುತ್ತುರಾಜ್ ನೇಮಕಲ್ಲಿಗೆ ಹೋಗಿ ಕಾಯಿ ಒಡೆಸಿ ಬಂದ. ಸಂಜೆ ಜಿಮ್ಮಿಗೆ ಹೋಗುವ ಹೊತ್ತೂ ಮಿರ್ಚಿ ಗಾಡಿ ಬಂದು ನಿಲ್ಲುವ ಹೊತ್ತೂ ಒಂದೇ ಆಗಿದ್ದರಿಂದ ಅವನು ಎಷ್ಟೋ ದಿನದಿಂದ ಮಿರ್ಚಿ ಕಂಡೇ ಇರಲಿಲ್ಲ. ಆದರೆ ಆ ಬಡ ಮಿರ್ಚಿಯ ಹೆಸರನ್ನು ಆಗಲೂ ಈಗಲೂ ಯಾರೂ ಎತ್ತಲಿಲ್ಲ. ದಸರಾ ಸ್ಯಾಂಪಲ್ಲಿನ ಹಿಂದಿನ ವಾರ ಎರಡನೇ ಬೆರಳೂ ಹೋಯಿತು. ಆಗ ಅವನು ಬಸ್ಕಿಯನ್ನು ನಿಲ್ಲಿಸಬಹುದಿತ್ತು. ಗೆದ್ದವನಿಗೆ ನಿಲ್ಲಿಸುವುದು ಎಲ್ಲಿ ತಿಳಿಯುತ್ತದೆ. ಮೂರನೇ ಥಾನು ಎತ್ತಿದ.

ಪರೀಕ್ಷೆಯ ದಿನ ಮಷಿನ್ನುಗಳೆಲ್ಲ ನಿಂತವು. ಶಿಷ್ಯನ ವಿಜಯವನ್ನು ವಿಡಿಯೋ ಮಾಡಿ ಊರಿಗೆಲ್ಲ ತೋರಿಸಲು ಕಿರಣ್‌ಕುಮಾರ್ ಮೊಬೈಲ್ ಹಿಡಿದು ಬಂದಿದ್ದ. ಬೊಂಬೆಯ ಪ್ಲಾಸ್ಟಿಕ್ ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿದ್ದರು, ಎದುರಾಳಿಗೆ ಕೊಡಬೇಕಾದ ಮರ್ಯಾದೆ. ಮುತ್ತುರಾಜ್ ಹೊಸ ಸ್ಯಾಂಪಲ್ ಪ್ಯಾಂಟು ತೊಟ್ಟು ಪರದೆಯ ಹಿಂದಿನಿಂದ ಬಂದ. ತೊಡೆಯ ಹತ್ತಿರ ಅದನ್ನು ಏರಿಸಲು ಒಳಗೆ ಎಷ್ಟು ಕುಣಿದಿದ್ದನೆಂಬುದು ಪರದೆಗೆ ಮಾತ್ರ ಗೊತ್ತು. ಎಲ್ಲರ ಎದುರು ನಿಂತು, ಬಲಗೈ ಎತ್ತಿ, ಎರಡು ಬೆರಳನ್ನು ಪಟ್ಟಿಯೊಳಗೆ ಇಳಿಸಿದ. ಇಳಿದವು. ಒಳಗೆ ಅಲ್ಲಾಡಿದವು. ಯರ್ರಪ್ಪನವರು ಟೇಪು ಹಿಡಿದರು. ಮೂವತ್ತನಾಲ್ಕು.

"ಭೇಷ್," ಎಂದರು ಯರ್ರಪ್ಪನವರು. "ಕುಂದ್ರು ನೋಡಾನ."

ಸುಮ್ಮನೆ ಹಿಂದಿನಂತೆ ಕೂತಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೋ ಏನೋ. ಆದರೆ ಎದುರಿಗೆ ಕೂರಲಾರದ ಬೊಂಬೆ ನಿಂತಿತ್ತು. ಮುತ್ತುರಾಜ್ ಎದೆ ಸೆಟೆಸಿ, ಕೈ ಮುಂದೆ ಚಾಚಿ, ಜಿಮ್ಮಿನ ಅಪ್ಪಟ ಬಸ್ಕಿಗೆ ಇಳಿದ. ಇನ್ನೂ ಆಳಕ್ಕೆ ಇಳಿದ. ಪರ್ರ್ ಎಂದು ಶಬ್ದವಾಯಿತು. ಎರಡೂ ತೊಡೆಗಳು ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಒಟ್ಟಿಗೇ ಹೇಳಿದ್ದವು.

ಮೊದಲು ಎದ್ದವಳು ಮಂಜುಳ. ಬಂದು ಬಗ್ಗಿ ನೋಡಿದಳು. "ನನ್ನ ಹೊಲಿಗಿ ಬಿಚ್ಚಿಲ್ರಿ ಸಾವ್ಕಾರ್ರ, ಎಲ್ಲಾರೂ ನೋಡ್ಕೊಳ್ರಿ. ಬಟ್ಟಿನೇ ಹರದೈತಿ," ಎಂದು ತನ್ನ ಮಾನ ಉಳಿಸಿಕೊಂಡು ಹೋಗಿ ಕೂತಳು. ಮುತ್ತುರಾಜ್ ಮೆಲ್ಲಗೆ ಬೊಂಬೆಯ ಹಿಂದೆ ಸರಿದ. ತಿಂಗಳುಗಟ್ಟಲೆ ದ್ವೇಷಿಸಿದ ಆ ತಲೆಯಿಲ್ಲದ ದಾಯಾದಿ ಆ ಹೊತ್ತಿನಲ್ಲಿ ಅವನಿಗೆ ಅಡ್ಡ ನಿಂತು ಕಾಪಾಡಿತು.

"ಗಿರಾಕಿಗೆ ಇಂಥಾ ತೊಡಿ ಎಲ್ಲಿಂದ ತರ್ಲಿ ನಾನು?" ಎಂದು ಯರ್ರಪ್ಪನವರು ತಲೆ ಮೇಲೆ ಕೈ ಹೊತ್ತರು. "ನನ್ನ ಗಿರಾಕಿ ಅಂಗಡ್ಯಾಗ ಕುಂತು ತೂಕ ಮಾಡೋ ಮನುಷ್ಯ. ಇದು ಎತ್ತಿನ ತೊಡಿ."

"ನಾನು ಬಡ್ಕೊಂಡೆ ಸಾವ್ಕಾರ್ರ," ಎಂದ ಕಿರಣ್‌ಕುಮಾರ್. "ಬದಲಾಯಿಸ್ರಿ, ಬದಲಾಯಿಸ್ರಿ ಅಂತ. ಒಂದಕ್ಕ ಜೋತುಬಿದ್ರ ಒಂದ ಬೆಳೀತದ. ಹೆಗಲಿಗೆ ಒಂದಿನ, ಬೆನ್ನಿಗೆ ಒಂದಿನ ಕೊಟ್ಟಿದ್ರ ಮೈಯೆಲ್ಲಾ ಒಂದ ಸಮ ಬರ್ತಿತ್ತು."

"ನೀನು ಬದಲಾಯಿಸಿದಾಗ ಒಂದಿಂಚು ಇಳಿಲಿಲ್ಲಲ್ಲೋ. ಅವನು ಒಂದ ಹಿಡಕೊಂಡು ಭಾರ ಏರಿಸಿದ ಮ್ಯಾಲ ಸೊಂಟ ಇಳೀತು," ಎಂದರು ಯರ್ರಪ್ಪನವರು.

"ಹಿಡಕೊಳ್ಳಿ, ಯಾರು ಬ್ಯಾಡ ಅಂದ್ರು. ಒಂದರ ಬದ್ಲು ನಾಲ್ಕು ಹಿಡಕೊಳ್ಳಿ."

"ನೀನೆಲ್ಲಿ ನಾಲ್ಕು ಅಂದಿದ್ದಿ? ದಿನಾ ಹೊಸಾದು ಅಂದಿದ್ದಿ."

ವಾದ ಕಾವೇರಿತು. ಮಷಿನ್ನಿನವರು ಎರಡು ಪಕ್ಷವಾದರು. ಮಾತಿನ ಭರದಲ್ಲಿ ಕಿರಣ್‌ಕುಮಾರ್ ದೇವರ ಮೇಲೆ ಆಣೆ ಮಾಡುವವನಂತೆ ಎರಡೂ ಕೈಗಳನ್ನು ಮೇಲೆತ್ತಿದ. ಕರಿ ಟೀ ಶರ್ಟು ಕೈಗಳ ಜತೆ ಮೇಲೇರಿತು. ಒಳಗೆ ಹೆದರುವಂಥದ್ದೇನೂ ಇರಲಿಲ್ಲ. ಸಣ್ಣದೊಂದು ಹೊಟ್ಟೆ, ಪಟ್ಟಿಯ ಮೇಲಿಂದ ಪಕ್ಕದ ಮನೆಯವರಂತೆ ಇಣುಕುತ್ತಿತ್ತು.

ಯರ್ರಪ್ಪನವರು ವಾದ ಬಿಟ್ಟು ಆ ಹೊಟ್ಟೆಯನ್ನೇ ನೋಡಿದರು. ಅವರ ಕಣ್ಣು ಸಣ್ಣದಾಯಿತು. "ಅಲ್ಲಾಡಬ್ಯಾಡ," ಎಂದರು. ಹತ್ತಿರ ಹೋಗಿ ಅವನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿದರು. ಹೊರಗೆ ಗಾಳಿ ನಿಂತಿತ್ತೋ ಇಲ್ಲವೋ, ಒಳಗೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಟೇಪು ಸುತ್ತಿದರು. ಮೂವತ್ತನಾಲ್ಕು. ಕೂರಿಸಿದರು, ಏಳಿಸಿದರು, ಮೊಪೆಡ್ಡಿನ ಮೇಲೆ ಕಾಲು ಹಾಯಿಸಲು ಹೇಳಿದರು. ಯಾವ ಹೊಲಿಗೆಯೂ ಮಿಸುಕಲಿಲ್ಲ. ಚಳ್ಳಕೆರೆಯ ಅಂಗಡಿಯಲ್ಲಿ ಕೂತು ತೂಕ ಮಾಡುವ ಮನುಷ್ಯ ಹೇಗಿರಬೇಕೋ ಹಾಗೇ ಇದ್ದ ನಮ್ಮ ಜಿಮ್ಮಿನ ಗುರು.

"ದಿನಾ ಸಂಜಿಗೆ ಬಂದು ಹೋಗಪ್ಪ," ಎಂದರು ಯರ್ರಪ್ಪನವರು, ಹೊಸ ಅಳಿಯನನ್ನು ಮಾತಾಡಿಸುವ ದನಿಯಲ್ಲಿ. "ಆದ್ರ ಒಂದು ಮಾತು. ಏನೂ ಬದಲಾಯಿಸಬ್ಯಾಡ."

ಕಿರಣ್‌ಕುಮಾರನಿಗೆ ಇದು ಸನ್ಮಾನವೋ ಅವಮಾನವೋ ತಿಳಿಯಲಿಲ್ಲ. ಟೀ ಶರ್ಟು ಕೆಳಗೆಳೆದುಕೊಂಡ. ಆದರೂ ಸಿದ್ಧಾಂತ ಬಿಡುವ ಮನುಷ್ಯ ಅಲ್ಲ. ಮೊಬೈಲನ್ನು ಬೊಂಬೆಯ ಕಡೆ ತಿರುಗಿಸಿದ. ಅದರ ಇಲ್ಲದ ತಲೆಯ ಜಾಗದಲ್ಲಿ ಮುತ್ತುರಾಜನ ತಲೆ ಕಾಣಿಸುತ್ತಿತ್ತು.

"ಎರಡೂ ಮಾಡಿ ನೋಡಿದವರು ನೀವು ಒಬ್ಬರ, ಮಾಸ್ಟರ್. ಊರಿಗೆಲ್ಲ ನೀವ ಹೇಳ್ರಿ. ಕಸರತ್ತು ದಿನಾ ಬದಲಾಯಿಸೋದು ಮೇಲೋ, ಒಂದ ಹಿಡಕೊಳ್ಳೋದು ಮೇಲೋ?"

ಯೂನಿಟ್ಟಿಗೆ ಯೂನಿಟ್ಟೇ ಮುತ್ತುರಾಜನ ಬಾಯಿ ನೋಡಿತು. ನಾಲ್ಕು ತಾಲೂಕಿನ ಸೊಂಟ ಆಳಿದವನು ಬೊಂಬೆಯ ಹೆಗಲ ಮೇಲಿಂದ ಎಲ್ಲರನ್ನೂ ಒಮ್ಮೆ ನೋಡಿದ.

"ಮೂವತ್ತಾರರದ್ದು ಒಂದು ಪ್ಯಾಂಟ್ ಕೊಡ್ರಿ," ಎಂದ. "ಮನಿಗೆ ಹೋಗಬೇಕು."