ಕಲ್ಲು ಸುತ್ತುತ್ತಿದ್ದ ಸಿದ್ರಾಮಣ್ಣ

ಸಿದ್ರಾಮಣ್ಣ ಯಾವ ವಸ್ತುವಿನ ಎದುರಿಗೂ ನೆಟ್ಟಗೆ ಬಂದು ನಿಂತವರಲ್ಲ. ಮೊದಲು ಅದಕ್ಕೊಂದು ಸುತ್ತು ಹಾಕಬೇಕು. ನಮ್ಮ ಮನೆಗೆ ಮೊದಲ ಸಲ ಬಂದಾಗ ಅಂಗಳದ ಒರಳುಕಲ್ಲನ್ನು ಸುತ್ತಿದರು, ಬಗ್ಗಿ ನೋಡಿದರು, ಎದ್ದು ಮತ್ತೆ ಹಿಂದುಮುಂದಾಗಿ ಸುತ್ತಿದರು. ಒಳಗೆ ಚಹಾ ಆರುತ್ತಿತ್ತು. ನಮ್ಮ ಅತ್ತೆ ಬಾಗಿಲಲ್ಲಿ ನಿಂತು, “ಏನರೆ ಕಳಕೊಂಡೀರೇನ್ರಿ?” ಎಂದು ಕೇಳಿದರು.

“ಕಳಕೊಂಡಿಲ್ಲವ್ವ, ಏನರೆ ಸಿಗತದೇನು ನೋಡಾಕತ್ತೀನಿ.”

ಅವರ ಹೆಂಡತಿ ಮಹಾನಂದಕ್ಕ ಇದನ್ನು ಇನ್ನೊಂದು ರೀತಿ ಹೇಳುತ್ತಿದ್ದರು. “ಲಗ್ನದಾಗ ಸುತ್ತಿದ್ದು ಇವರಿಗೆ ಸಾಕಾಗಿಲ್ಲ ನೋಡ್ರಿ. ಅವತ್ತು ಸುರು ಆದದ್ದು ಇನ್ನೂ ನಿಂತಿಲ್ಲ.”

ಸೊಲ್ಲಾಪುರದಲ್ಲಿ ಅವರದೊಂದು ಫೋಟೊ ಸ್ಟುಡಿಯೊ. ಮದುವೆ, ಕುಬಸ, ಪುಢಾರಿಗಳ ವಾಢದಿವಸವೆಂಬ ಹುಟ್ಟುಹಬ್ಬ, ಇವುಗಳ ಫೋಟೊ ತೆಗೆಯುವುದರಲ್ಲಿ ಅರ್ಧ ಆಯುಷ್ಯ ಕಳೆದವರು. ಒಂದು ವರ್ಷ ಯಾವುದೋ ಕಾಲೇಜಿನವರು ಈ ಸೀಮೆಯ ಹಳೆಯ ಕಲ್ಲುಗಳ ಚಿತ್ರ ತೆಗೆಯಲು ಅವರನ್ನು ಕರೆದೊಯ್ದರು. ಕಲ್ಲಿನ ಸುತ್ತ ನಡೆದು, ಒಂದರ ಅಂಚು ಇನ್ನೊಂದರೊಳಗೆ ಸೇರುವಂತೆ ನೂರಾರು ಫೋಟೊ ತೆಗೆಯಬೇಕು. ಕಂಪ್ಯೂಟರು ಅವನ್ನೆಲ್ಲ ಹೊಲಿದು ಕಲ್ಲಿನದೇ ಆಕಾರ ಕಟ್ಟಿ ಕೊಡುತ್ತದೆ. ತೆರೆಯ ಮೇಲೆ ಅದನ್ನು ತಿರುಗಿಸಬಹುದು, ಮಗುಚಬಹುದು, ಮೇಲಿನ ಬಣ್ಣ ಕಳಚಿ ಬರಿಯ ಮೈ ನೋಡಬಹುದು, ಬೇಕಾದ ಕಡೆಯಿಂದ ಬೆಳಕು ಬಿಡಬಹುದು. ಕಾಲೇಜಿನವರ ಕೆಲಸ ಮುಗಿಯಿತು, ಅವರು ಹೋದರು. ಸಿದ್ರಾಮಣ್ಣ ನಿಲ್ಲಿಸಲಿಲ್ಲ.

ನಾನು ಅಕ್ಕಲಕೋಟ ತಾಲೂಕಿನಲ್ಲಿ, ನಾಗಣಸೂರದ ಕಡೆ, ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಎಂ.ಎ. ಓದುವಾಗ ಶಾಸನಗಳ ಲಿಪಿಯನ್ನು ಕೊಂಚ ಕಲಿತಿದ್ದೆ. ಅದು ಯಾರ ಬಾಯಿಂದಲೋ ಅವರ ಕಿವಿಗೆ ಬಿದ್ದು, ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಶಾಲೆಗೇ ಬಂದರು.

“ಅಕ್ಕೋರ, ಇದೇನು ಬರದಾರ ಹೇಳ್ರಿ. ಲವಕರ ಹೇಳ್ರಿ, ಬ್ಯಾಟರಿ ಹೋಗಾಕತ್ತದ.”

“ನಿಮಗೆ ಕನ್ನಡ ಓದಾಕ ಬರೂದಿಲ್ಲೇನ್ರಿ?”

“ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಅಕ್ಷರ ಬರಂಗಿಲ್ರಿ ನನಗ. ಆದರ ಯಾವ ಅಕ್ಷರ ಎಷ್ಟು ಆಳ ಅದ ಕೇಳ್ರಿ, ಹೇಳ್ತೀನಿ.”

ಆಮೇಲೆ ನನ್ನಿಂದಲೇ ಅಕ್ಷರ ಕಲಿತರು. ಆದರೆ ಅಂಕಲಿಪಿಯಿಂದ ಅಲ್ಲ, ಕಲ್ಲಿನಿಂದ. ಹೀಗಾಗಿ ಚಾಲುಕ್ಯರ ಕಾಲದ ಅಕ್ಷರ ಅವರಿಗೆ ಸಲೀಸು, ಇಂದಿನ ಅಕ್ಷರ ಅಪರಿಚಿತ. ಒಮ್ಮೆ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಅಫಜಲಪುರಕ್ಕೆ ಹೋಗಲು ನಿಂತಿದ್ದೆವು. ಕರ್ನಾಟಕದ ಬಸ್ಸು ಬಂತು. ಇವರು ಬೋರ್ಡಿನ ಮುಂದೆ ನಿಂತು ಗಾಳಿಯಲ್ಲಿ ಬೆರಳಾಡಿಸುತ್ತ ಓದತೊಡಗಿದರು. ನಾನು ಹತ್ತಿ ಕೂಗಿದರೂ ಕೇಳಿಸಿಕೊಳ್ಳಲಿಲ್ಲ. ಬಸ್ಸು ಹೊರಟಾಗ ನಾನೇ ಇಳಿಯಬೇಕಾಯಿತು.

“ಆ ‘ಜ’ದ ಗುರ್ತs ಸಿಗಲಿಲ್ಲ ನೋಡ್ರಿ,” ಎಂದರು. “ಕಲ್ಲಿನ್ಯಾಗ ಬಡಕ ಇದ್ದ. ಇಲ್ಲಿ ಹೊಟ್ಟಿ ಬಂದದ.”

ಅವರಿಗೆ ಕೂತು ಮಾತಾಡಲು ಬರುತ್ತಿರಲಿಲ್ಲ. ಫೋನು ಮಾಡಿದರೆ ಕ್ಷೇಮ ಸಮಾಚಾರವಿಲ್ಲ, “ಅಕ್ಕೋರ, ಒಂದು ಕಲ್ಲು ಹೊಂಟದ,” ಎಂದೇ ಶುರು. ಎಲ್ಲೋ ಗುಡಿಯ ಜೀರ್ಣೋದ್ಧಾರದಲ್ಲಿ ಗೋಡೆಗೆ ಟೈಲ್ಸ್ ಹಚ್ಚುತ್ತಿದ್ದಾರೆ, ಎಲ್ಲೋ ವೀರಗಲ್ಲನ್ನು ಮೋರಿಗೆ ಹಾಸುತ್ತಿದ್ದಾರೆ, ಇನ್ನೆಲ್ಲೋ ಆಯಿಲ್ ಪೇಂಟು ಬಳಿಯುತ್ತಿದ್ದಾರೆ. “ಇಷ್ಟ್ಯಾಕ ಗಡಿಬಿಡಿ ಸಿದ್ರಾಮಣ್ಣ, ಕಲ್ಲು ಓಡಿ ಹೋಗತದೇನು?” ಎಂದು ನಾನು ರೇಗಿಸಿದರೆ, “ಕಲ್ಲು ಓಡಂಗಿಲ್ರಿ, ಮಂದಿ ಓಡಸ್ತಾರ,” ಎನ್ನುತ್ತಿದ್ದರು. ಅಷ್ಟರಲ್ಲಿ ಬೈಕಿನ ಕಿಕ್ ಹೊಡೆದ ಸದ್ದು ಕೇಳುತ್ತಿತ್ತು.

ಬೈಕಿನ ಮೇಲೆ ಯಾವಾಗಲೂ ಒಂದು ಕರಿ ಕಂಬಳಿ. ಚಪಳಗಾಂವದ ಆಚೆಗಿನ ಒಂದು ವಸ್ತಿಯಲ್ಲಿ ಗಂಗವ್ವ ಎಂಬ ಕುರುಬರ ಮುದುಕಿ ಕೊಟ್ಟದ್ದು. ನಡುಹಗಲ ಬಿಸಿಲು ನೇರ ಬಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ. ಇವರು ಕಲ್ಲಿನ ಸಮೇತ ಕಂಬಳಿ ಹೊದ್ದು, ಒಳಗೆ ಕತ್ತಲು ಮಾಡಿಕೊಂಡು, ಬ್ಯಾಟರಿ ದೀಪವನ್ನು ಪಕ್ಕದಿಂದ ಹಿಡಿಯುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಕಂಬಳಿಯೊಳಗೆ ಇಬ್ಬರು ಗುಟ್ಟು ಮಾತಾಡುತ್ತಿದ್ದಾರೆ ಎನಿಸಬೇಕು. ಒಳಗಿಂದ ಬೆವರಿ ತೊಯ್ದು ಹೊರಬಂದು, “ಮೂರ ಸಾಲು ಬಾಯಿ ಬಿಟ್ಟಾನ, ನಾಕನೇದಕ್ಕ ಹಟ ಮಾಡಾಕತ್ತಾನ,” ಎನ್ನುತ್ತಿದ್ದರು.

ಗಂಗವ್ವನ ವಸ್ತಿಯಲ್ಲೇ ಅವರ ದೊಡ್ಡ ಪೇಚಾಟ ನಡೆಯಿತು.

ಅಲ್ಲಿ ರಸ್ತೆಯ ಬದಿಗೆ ಬೇವಿನ ಮರದ ಕೆಳಗೊಂದು ಕಲ್ಲು. ಗಂಗವ್ವನ ಮನೆಯವರು ಅದನ್ನು ಬೀರಪ್ಪನೆಂದು ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದವರು. ಎಣ್ಣೆ, ಸಿಂಧೂರ, ಭಂಡಾರ ಬಿದ್ದು ಬಿದ್ದು ಕಲ್ಲಿನ ಮೈ ಮೇಣದಂತೆ ಆಗಿತ್ತು. ಮರದ ಹಿಂದಿನ ಹೊಲ ಬಸಗೊಂಡ ಪಾಟೀಲರದು. ಅವರ ಪ್ರಕಾರ ಅದು ದೇವರಲ್ಲ, ಯುದ್ಧದಲ್ಲಿ ಸತ್ತ ಅವರ ಪೂರ್ವಜನ ಕಲ್ಲು. ಎಷ್ಟೋ ಕಾಲ ಈ ತಕರಾರು ಬರೀ ಮಾತಿನಲ್ಲಿತ್ತು. ರಸ್ತೆ ಅಗಲ ಮಾಡುವ ಕೆಲಸ ಬಂದು ಕಲ್ಲನ್ನು ಎತ್ತಲೇಬೇಕು ಎಂದಾದಾಗ ಎಲ್ಲಿಗೆ ಎತ್ತಬೇಕು ಎಂಬ ಪ್ರಶ್ನೆ ಎದ್ದಿತು. ಪಾಟೀಲರು ತಮ್ಮ ವಾಡೆಗೆ ಎಂದರು. ಗಂಗವ್ವ ತಮ್ಮ ಹಟ್ಟಿಗೆ ಎಂದಳು. ಊರು ಎರಡಾಯಿತು.

ಜೆಸಿಬಿ ಬರುವ ಮೊದಲು ಚಿತ್ರ ತೆಗೆಯಬೇಕೆಂದು ಸಿದ್ರಾಮಣ್ಣ ಒಬ್ಬರೇ ಓಡಿದರು. ನನಗೆ ಶಾಲೆ ಇತ್ತು. ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅವರು ಗೇಟಿನ ಹೊರಗೆ ಅತ್ತಿಂದಿತ್ತ ಓಡಾಡುತ್ತಿರುವುದು ಕಂಡಿತು. ಕಣ್ಣು ಕೆಂಪಗಾಗಿದ್ದವು. ಬೈಕಿನ ಮೇಲೆ ಕಂಬಳಿ ಇರಲಿಲ್ಲ.

“ಅಕ್ಕೋರ, ನಂದು ಚೂಕ ಆಗ್ಯಾದ.”

ಆದದ್ದು ಇಷ್ಟು. ಫೋಟೊ ತೆಗೆದು ಅಲ್ಲೇ ಕಟ್ಟೆಯ ಮೇಲೆ ಕೂತು ತೆರೆಯ ಮೇಲೆ ಬಣ್ಣ ಕಳಚಿ ನೋಡಿದರಂತೆ. ಮೂರು ಅಕ್ಷರ ಸ್ಪಷ್ಟವಾಗಿ ಕಂಡವು: ‘ಗವುಡ’. ತಾನೇ ಓದಿದೆನೆಂಬ ಹಿಗ್ಗಿನಲ್ಲಿ ನೆರೆದವರ ಮುಂದೆ ಜೋರಾಗಿ ಓದಿಬಿಟ್ಟರು. ಪಾಟೀಲರು, “ಗೌಡ ಅಂದ್ರ ನಾವs ಅಲ್ಲೇನು?” ಎಂದು ಅಲ್ಲೇ ಪೇಢೆ ತರಿಸಿದರು. ಗಂಗವ್ವ ಎದ್ದು ಬಂದು ಇವರ ಹೆಗಲ ಮೇಲಿನ ಕಂಬಳಿಯನ್ನು ಕಿತ್ತುಕೊಂಡಳು. “ನಮ್ಮ ಕಂಬಳಿ ಹೊತಗೊಂಡು ನಮ್ಮ ದೇವರನ್ನ ವಾಡೇಕ ಕೊಟ್ಟೆಲ್ಲೊ ತಮ್ಮಾ!”

“ಅಷ್ಟಾದರೂ ಅಡ್ಡಿ ಇದ್ದಿಲ್ರಿ,” ಎಂದರು ಸಿದ್ರಾಮಣ್ಣ. “ಓದಿದ್ದು ಖರೇ ಇದ್ರ ಬೈಸಿಕೊಂಡೇನು. ಮನಿಗೆ ಹೋಗಿ ಮತ್ತೊಮ್ಮಿ ಬೆಳಕು ತಿರುವಿ ನೋಡಿದೆ. ಬಾಕಿ ಅಕ್ಷರ ಎಲ್ಲಾ ತೆಗ್ಗ ಅದಾವ. ಈ ಮೂರು ದಿಬ್ಬ ಅದಾವ.”

ನಾನೂ ನೋಡಿದೆ. ಬೆಳಕು ಕೆಳಗಿಂದ ಬಿದ್ದರೆ ಉಬ್ಬು ತಗ್ಗಿನಂತೆ ಕಾಣುತ್ತದೆ, ತಗ್ಗು ಉಬ್ಬಿನಂತೆ. ಬೆಳಕನ್ನು ಮೇಲಕ್ಕೆ ಒಯ್ದ ಕೂಡಲೇ ಆ ಮೂರೂ ಕಲ್ಲಿನ ಮೈಯಿಂದ ಹೊರಕ್ಕೆ ಎದ್ದು ನಿಂತವು. ಉಳಿಯಿಂದ ಕೊರೆದದ್ದು ಹೊರಗೆ ಏಳಲು ಸಾಧ್ಯವಿಲ್ಲ. ಅದು ಇಳಿದು ಗಟ್ಟಿಯಾದ ಸಿಂಧೂರ.

“ಪಾಟೀಲರಿಗೆ ಫೋನ್ ಮಾಡಿ ಹೇಳ್ರಿ,” ಎಂದೆ.

“ಫೋನಿನ್ಯಾಗ ಹೇಳಿದ್ರ ಅವರೊಬ್ಬರs ಕೇಳತಾರ. ನಾ ಓದಿದ್ದು ಊರ ಮುಂದ.”

ಶಾಲೆ ಬಿಟ್ಟ ಮೇಲೆ ನಾನೂ ಜೊತೆಗೆ ಹೋದೆ. ಬೇವಿನ ಮರದ ಹತ್ತಿರ ಆಗಲೇ ಜೆಸಿಬಿ ನಿಂತಿತ್ತು, ಜನ ಸೇರಿದ್ದರು. ಸಿದ್ರಾಮಣ್ಣ ಬೈಕಿನಿಂದ ಇಳಿದವರೇ, “ಥಾಂಬ್ರಿ! ನಾ ನಿನ್ನಿ ಓದಿದ್ದು ತಪ್ಪದ. ಅಲ್ಲಿ ಗೌಡ ಇಲ್ಲ, ಅಕ್ಷರನೂ ಇಲ್ಲ,” ಎಂದು ಕೂಗಿದರು.

ಪಾಟೀಲರ ಮುಖ ಬಿಗಿಯಿತು. “ಮಶೀನ್ ಸುಳ್ಳ ಹೇಳತದೇನು?”

“ಮಶೀನ್ ಸುಳ್ಳ ಹೇಳಿಲ್ರಿ ಸಾಹೇಬ್ರ. ಸಿಂಧೂರಾನೂ ಕಲ್ಲಂತ ತಿಳಕೊಂಡದ, ಅಷ್ಟs. ಓದಿದಾಂವ ನಾನು.”

“ಯಾರು ಹೇಳಿಕೊಟ್ರು ನಿನಗ ಇದನ್ನ?”

ಸಿದ್ರಾಮಣ್ಣ ಗಂಗವ್ವನ ಕಡೆ ತಿರುಗಿ ಕೈ ಮುಗಿದರು. “ಯವ್ವಾ, ಅಷ್ಟು ಜಾಗಾದಾಗಿನ ಸಿಂಧೂರ ಸಡ್ಲ ಮಾಡಿ ನೋಡೂಣು. ನಾ ಮುಟ್ಟಂಗಿಲ್ಲ. ನೀನs ತಗಿ.”

ದೇವರ ಮೈ ಕೆರೆಯುವುದು ಸಣ್ಣ ಮಾತಲ್ಲ. ಕೊನೆಗೆ ಮುದುಕಿ ಸೊಸೆಯನ್ನು ಕಳಿಸಿ ಕಾಯಿಸಿದ ಎಣ್ಣೆ ತರಿಸಿದಳು, ಸೆರಗಿನ ತುದಿ ಅದ್ದಿ ಒತ್ತಿ ಹಿಡಿದಳು, ಏನೋ ಗುನುಗುತ್ತ ಉಜ್ಜಿದಳು. ಆ ಚೂರು ಸಿಂಧೂರ ಚಿಪ್ಪಿನಂತೆ ಎದ್ದು ಅವಳ ಅಂಗೈಗೆ ಬಂತು. ಅದರ ಅಡಿಯಲ್ಲಿ ಸವೆದ ಒಂದು ಸಾಲು. ನಾನು ಮೊಣಕಾಲೂರಿ ಕೂತು ಓದಿದೆ: ತುಱುವಂ ಮಗುಳ್ಚಿ. ಅದರ ಹಿಂದಿನ ಭಾಗ, ಹೆಸರು ಇರಬೇಕಾದಲ್ಲಿ, ಚಕ್ಕೆ ಹಾರಿಹೋಗಿತ್ತು.

“ಏನಂತದ?” ಎಂದಳು ಗಂಗವ್ವ.

“ಕಳ್ಳರು ಹೊಡಕೊಂಡು ಹೊಂಟಿದ್ದ ದನ ಬಿಡಿಸಿ, ತಿರುಗಿ ಊರಿಗೆ ತಂದಾನಂತ. ಹಂಗs ಸತ್ತಾನ.”

“ಹೆಸರು?”

“ಹೆಸರು ಉಳಿದಿಲ್ಲವ್ವ.”

“ಇರಲಿ ಬಿಡು. ನಾವು ಕರಿಯೂ ಹೆಸರಿಗೆ ಇಷ್ಟ ದಿನಾ ಓ ಅಂದಾನಲ್ಲ.”

ಜೆಸಿಬಿಯವನು ಎಂಜಿನ್ ಆರಿಸಿದ. ಪಾಟೀಲರು ಎಲೆ ಉಗುಳಿ ಹೊರಟುಹೋದರು. ಮುಂದೆ ಹಿರಿಯರು ಕೂತು ಮಾತಾಡಿ, ಕಲ್ಲು ವಾಡೆಗೂ ಹೋಗದೆ ಹಟ್ಟಿಗೂ ಹೋಗದೆ, ಹೊಸ ರಸ್ತೆಯ ದಂಡೆಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದರು. ಪೂಜೆ ಗಂಗವ್ವನದೇ. ಪಾಟೀಲರು ತಮ್ಮ ಮಗಳ ಮದುವೆಯ ಫೋಟೊ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಗಂಗವ್ವ ನಗುನಗುತ್ತ ಮಾತಾಡಿಸತೊಡಗಿದಳು, ಆದರೆ ಕಂಬಳಿಯನ್ನು ಮಾತ್ರ ತಿರುಗಿ ಕೊಡಲಿಲ್ಲ. ಸಿದ್ರಾಮಣ್ಣ ಸಂತೆಯಲ್ಲಿ ಬೇರೊಂದು ಕೊಂಡರು. “ಇದರಾಗ ಆ ಕತ್ತಲಿ ಬರವಲ್ದು,” ಎಂದು ಗೊಣಗುತ್ತಿದ್ದರು.

ಆ ಮೇಲೆ ಅವರ ಚಡಪಡಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಗ ಕಲ್ಲಿನ ಚಿಂತೆಯ ಜೊತೆಗೆ ಚಿತ್ರ ತುಂಬಿಟ್ಟ ಡಿಸ್ಕಿನ ಚಿಂತೆ. “ಕಲ್ಲು ಸಾಯಬೇಕಂದ್ರ ಸಾವಿರ ವರ್ಷ ಹಿಡಿತದ. ಡಿಸ್ಕ್ ಮುಂಜಾನಿ ಎದ್ದು ನೋಡೂದ್ರಾಗ ಸತ್ತಿರತದ.” ಅದಕ್ಕೇ ಎಲ್ಲದರ ಪ್ರತಿ ಮಾಡಿ ಊರಿಗೆಲ್ಲ ಹಂಚಿದ್ದರು: ಒಂದು ನನ್ನ ಟ್ರಂಕಿನಲ್ಲಿ, ಒಂದು ಸೊಲ್ಲಾಪುರದ ಭಾವಮೈದುನನ ಚಾದರದ ಮಗ್ಗದ ಶೆಡ್ಡಿನಲ್ಲಿ, ಒಂದು ಮಗಳು ಅಶ್ವಿನಿಯ ಕಪಾಟಿನಲ್ಲಿ. ಎದೆ ನೋವು ಬಂದು ಡಾಕ್ಟರು ಮಲಗಿರಿ ಎಂದಾಗಲೂ, ಮಲಗಿದಲ್ಲಿಂದಲೇ ನಮಗೆಲ್ಲ ಫೋನು ಮಾಡಿ, “ತಗದು ನೋಡ್ರಿ, ಜೀವ ಅದ ಏನು?” ಎಂದು ಡಿಸ್ಕುಗಳ ಆರೋಗ್ಯ ವಿಚಾರಿಸಿದರು.

ಕಡೆಯ ಸಲ ಅವರನ್ನು ನೋಡಿದ್ದು ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ. ಸಣ್ಣಗಾಗಿದ್ದರು. ಮಂಗಳವೇಢೆಯ ಕಡೆ ಮರವಡೆ ಎಂಬ ಊರಿನ ಹೊಲವೊಂದರ ಹಳೆಯ ಬಾವಿಯ ಒಳಗೋಡೆಯಲ್ಲಿ ಶಾಸನದ ಕಲ್ಲು ಸೇರಿಸಿದ್ದಾರೆಂದು ಸುಳಿವು ಸಿಕ್ಕಿ, ಯಾರಿಗೂ ಹೇಳದೆ ಹೋಗಿ ಬಂದಿದ್ದರು. ಬಾವಿ ತುಂಬಿತ್ತು. ಮೆಟ್ಟಿಲ ಮೇಲೆ ನಿಂತು ಕೈಗೆಟುಕಿದಷ್ಟು ತೆಗೆದಿದ್ದರು. ತೆರೆಯ ಮೇಲೆ ಕಲ್ಲಿನ ಮೇಲ್ಭಾಗ ಸ್ಪಷ್ಟವಿತ್ತು, ಕೆಳಭಾಗ ಬೂದು ಬಣ್ಣದ ತೂತು. ಕೊನೆಗೆ ಕಂಡ ಪದಗಳನ್ನು ಓದಿದೆ: “ಇಂತೀ ಧರ್ಮಮಂ ಪ್ರತಿಪಾಳಿಸಿದ…”

“ಮುಂದಿಂದು ಗೊತ್ತದ ಬಿಡ್ರಿ,” ಎಂದೆ. “ಎಲ್ಲಾ ಶಾಸನದ ಕಡೀಗೂ ಇದs ಇರತದ. ಈ ಧರ್ಮ ಕಾಯ್ದವರಿಗೆ ಇಂಥ ಪುಣ್ಯ, ಕೆಡಿಸಿದವರಿಗೆ ಇಂಥ ಪಾಪ.”

ಅವರು ತೆರೆಯ ಮೇಲೆ ಅಂಗೈ ಇಟ್ಟು ಮುಚ್ಚಿದರು. “ಗೊತ್ತದ ಅನಬ್ಯಾಡ್ರಿ ಅಕ್ಕೋರ. ಕಂಡದ ಅನ್ನೂತನಕಾ ಬರಿಬ್ಯಾಡ್ರಿ. ನೀರು ಇಳಿದ ಮ್ಯಾಲ ನಾ ಹೋಗ್ತೀನಿ.” ಬಸಿಯಲ್ಲಿ ಚಹಾ ಹಾಗೇ ಇತ್ತು, ಯಾರದೋ ಫೋನು ಬಂತು, ಎದ್ದು ಹೋದರು.

ನೀರು ಇಳಿಯುವ ಮೊದಲೇ ಮಹಾನಂದಕ್ಕನ ಫೋನು ಬಂತು. ಬೆಳಿಗ್ಗೆ ಸ್ಟುಡಿಯೊದ ಬಾಗಿಲು ತೆಗೆಯುವಾಗ ಕುಸಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಅಶ್ವಿನಿ ಕ್ಯಾಮೆರಾ ತೆಗೆದುಕೊಂಡು ಬಂದಳು. ನಾವಿಬ್ಬರೂ ಮರವಡೆಗೆ ಹೋದೆವು. ಬಾವಿ ಬರಿದಾಗಿತ್ತು, ದುರಸ್ತಿಗೆಂದು ನೀರನ್ನೆಲ್ಲ ಎತ್ತಿ ಹಾಕಿದ್ದರು. ಒಳಗೋಡೆಯ ತುಂಬ ಹೊಸ ಸಿಮೆಂಟಿನ ಗಿಲಾವು, ಅದರ ಮೇಲೆ ನೆನೆಸಿದ ಗೋಣಿಚೀಲ. ಹೊಲದ ಯಜಮಾನ ಕೆಟ್ಟವನಲ್ಲ. “ಗ್ವಾಡಿ ಕುಸಿಯಾಕತ್ತಿತ್ತವ್ವ. ಅವರು ಮತ್ತ ಬರತೇನಂದಿದ್ರು, ಬರಲಿಲ್ಲ. ನಿನ್ನಿ ಮುಗಿಸಿದಿವಿ,” ಎಂದ.

ಅಶ್ವಿನಿ ಗೋಣಿಚೀಲ ಸರಿಸಿ ಕೈಯಿಟ್ಟು ನೋಡಿದಳು. ಗಿಲಾವು ಇನ್ನೂ ಹಸಿಯಾಗಿತ್ತು. ಮೆಟ್ಟಿಲಿಳಿದು, ಆ ಬೋಳು ಗೋಡೆಯನ್ನೇ ಒಂದು ತುದಿಯಿಂದ ಫೋಟೊ ತೆಗೆಯತೊಡಗಿದಳು.

“ಅದರಾಗ ಏನು ಸಿಗತದವ್ವ?” ಎಂದ ಯಜಮಾನ.

“ಎಲ್ಲಿ ಅದ ಅನ್ನೂದರೆ ಇರಲಿ, ಕಾಕಾ.”

ಮನೆಗೆ ಬಂದು ನಾನು ಮರವಡೆಯ ಶಾಸನದ ಪಾಠವನ್ನು ನಕಲು ಮಾಡಿದೆ. ‘ಪ್ರತಿಪಾಳಿಸಿದ’ ಎಂಬಲ್ಲಿಗೆ ಬಂದಾಗ ಮುಂದಿನದು ಕೈಗೆ ತಾನಾಗಿಯೇ ಬಂತು. ಬರೆಯಲಿಲ್ಲ.