ಪಿನ್ನಣ್ಣ ಕೇಳುವ ಮೊದಲ ಪ್ರಶ್ನೆ

ಪಿನ್ನಣ್ಣನನ್ನು ಮೊದಲ ಸಲ ಮನೆಗೆ ಕರೆಸಿದವರು ಸ್ವಲ್ಪ ಕಕ್ಕಾಬಿಕ್ಕಿಯಾಗುತ್ತಾರೆ. ಇಂಟರ್ನೆಟ್ ಕೆಟ್ಟಿದೆ ಎಂದರೆ ಬಂದು ಸರಿಮಾಡಿ ಹೋಗಬೇಕಾದ ಮನುಷ್ಯ, ಒಳಗೆ ಬಂದವನೇ ರೂಟರಿನ ಮುಂದೆ ಕೈಕಟ್ಟಿ ನಿಂತು, "ಇದಕ್ಕೆ ಏನೇನು ಸೇರ್ಕೊಂಡಿದೆ, ಎಲ್ಲಾ ಹೇಳಿ. ಬೀರುವಿನಲ್ಲಿ ಇಟ್ಟಿರೋ ಹಳೇ ಫೋನೂ ಲೆಕ್ಕಕ್ಕೆ ಬರುತ್ತೆ" ಎನ್ನುತ್ತಾನೆ. ಕೆಲವರು ನಗುತ್ತಾರೆ. ಕೆಲವರು ಇವನೇನು ಪೊಲೀಸಿನವನೇ ಎಂದು ಮುಖ ಸಿಂಡರಿಸುತ್ತಾರೆ. ಉತ್ತರ ಸಿಗುವ ತನಕ ಅವನು ಪೆಟ್ಟಿಗೆಯನ್ನು ಮುಟ್ಟುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಅವನ ಅಡ್ಡಹೆಸರೇ ಅದಕ್ಕೆ ಸಾಕ್ಷಿ. ಅಂಗಿಯ ಕಾಲರಿನ ಒಳಮಗ್ಗುಲಿಗೆ ಸದಾ ಒಂದು ಗುಂಡುಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದ. ರೂಟರಿನ ಬೆನ್ನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ಪಿನ್ನು ತೂರಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ, ಅದು ಹೆಸರು, ಪಾಸ್‌ವರ್ಡ್ ಎಲ್ಲವನ್ನೂ ಮರೆತು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ. ಮತ್ತೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟರೆ ಆಯಿತು. ಈ ಕಸುಬಿನಲ್ಲಿ ನಿಧಾನಸ್ಥರು ಮೊದಲು ಹಳೆಯ ಸೆಟ್ಟಿಂಗ್‌ ತೆರೆದು ತಪ್ಪು ಎಲ್ಲಿದೆ ಎಂದು ಹುಡುಕುತ್ತಾರೆ. ಪಿನ್ನಣ್ಣನದು ನೆಗಡಿ ಬಂತೆಂದು ಮೂಗು ಕೊಯ್ಯುವ ಚಿಕಿತ್ಸೆ. ಕೆಂಪು ದೀಪ ಕಂಡರೆ ಸಾಕು, ಕೈ ಕಾಲರಿಗೆ ಹೋಗುತ್ತಿತ್ತು. "ನಮ್ಮ ಅಳಿಯ ಚುಚ್ಚಿಯೇ ಹೊಟ್ಟೆ ಹೊರೀತಾನೆ, ಥೇಟ್ ಸೊಳ್ಳೆ ಹಾಗೆ" ಎಂದು ಅವನ ಅತ್ತೆ ನೆಂಟರ ಮುಂದೆ ಹೇಳುತ್ತಿದ್ದರು. ಅವನೂ ನಗುತ್ತಿದ್ದ.

ಅಂಥ ದಿನಗಳಲ್ಲೇ ಒಬ್ಬ ಬಸ್ ಡ್ರೈವರ್ ಅವನನ್ನು ಕರೆಸಿದರು. ಬಾಡಿಗೆ ಮನೆ, ಕಡಿದಾದ ಮೆಟ್ಟಿಲು, ಮೇಲೆ ಮೂರು ಚಿಕ್ಕ ಕೋಣೆ. ರೂಟರ್ ಹಜಾರದ ಗೂಡಿನಲ್ಲಿತ್ತು. ಅದರ ಮೇಲೆ ಯಾರೋ ಒಂದು ಕೈಕಸೂತಿಯ ಬಟ್ಟೆ ಹೊದಿಸಿದ್ದರು, ಪಾಪ, ಅದು ಬಿಸಿಯಾಗಿ ಪದೇ ಪದೇ ನಿಂತುಹೋಗುತ್ತಿದ್ದುದೇ ಆ ಮರ್ಯಾದೆಯಿಂದ. ಬಟ್ಟೆ ತೆಗೆದಿದ್ದರೆ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಆದರೆ ಡ್ರೈವರ್ ಬಾಗಿಲಲ್ಲೇ ಕೇಳಿದರು:

"ಪೂರ್ತಿ ಅಳಿಸಿದ್ರೆ, ಹಿಂದೆ ಸೇರ್ಕೊಂಡಿದ್ದ ಫೋನುಗಳೆಲ್ಲ ಬಿಟ್ಟುಹೋಗ್ತವಾ?"

ಅಕ್ಕಪಕ್ಕದವರು ಕದ್ದು ಬಳಸುತ್ತಿರಬೇಕು ಎಂದುಕೊಂಡ ಪಿನ್ನಣ್ಣ. "ಒಂದೂ ಉಳಿಯಲ್ಲ ಅಣ್ಣಾ. ಬೇರು ಸಮೇತ ಕಿತ್ಹಾಕ್ತೀನಿ."

"ಹಾಗೇ ಮಾಡಿ. ಹೆಸರೂ ಬೇರೆ ಇಡಿ."

ಪಿನ್ನು ಒಳಗೆ ಹೋಯಿತು. ದೀಪಗಳೆಲ್ಲ ಒಟ್ಟಿಗೆ ಆರಿ ಒಂದೊಂದಾಗಿ ಹತ್ತಿಕೊಂಡವು. ಡ್ರೈವರ್ ಜೇಬಿನಿಂದ ತಮ್ಮ ಫೋನು ತೆಗೆದು ಒಮ್ಮೆ ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತರು. ಬಹಳ ದೂರ ಬಸ್ಸು ಓಡಿಸಿ ಬಂದವರ ಹಾಗೆ ಕೂತರು.

ಅಷ್ಟರಲ್ಲಿ ಅವರ ಹೆಂಡತಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಗೂಡಿನ ಕಡೆ ನೋಡಿದರು, ಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ಒಳಕೋಣೆಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಫೋನಿತ್ತು. ಚಾರ್ಜರಿನ ತಂತಿ ನೆಲದ ಮೇಲೆ ಎಳೆದಾಡುತ್ತಿತ್ತು.

"ಇದರ ಮೇಲಿದ್ದ ವೈಫೈ ಗುರುತು ಹೋಗ್ಬಿಟ್ಟಿದೆಯಲ್ಲಪ್ಪಾ. ಸರಿಮಾಡು."

"ಹೊಸ ಪಾಸ್‌ವರ್ಡ್ ಹಾಕಿದ್ರೆ ಬರುತ್ತೆ ಅಕ್ಕ. ಲಾಕ್ ತೆಗೀರಿ."

"ಅದು ನನಗೆ ಗೊತ್ತಿಲ್ಲ. ಮಗಳದು."

"ಅವರು ಬರ್ಲಿ, ಆಮೇಲೆ ಹಾಕ್ಕೊಳ್ಳಿ."

ಆಕೆ ಸುಮ್ಮನೆ ಅವನ ಮುಖ ನೋಡಿದರು. ಆಗ ಅವನಿಗೆ ಗೊತ್ತಾಯಿತು.

ಆಮೇಲೆ ಆಕೆಯೇ ಹೇಳಿದರು, ಅಳದೆ, ಪಕ್ಕದ ಮನೆಯ ಸಂಗತಿ ಹೇಳುವ ಹಾಗೆ. ಹೋದ ವರ್ಷ ಮಗಳಿಗೆ ಜ್ವರ ಬಂತು, ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಸಿಮ್ ನಿಂತುಹೋಗಿದೆ. ಆದರೆ ಇಂಟರ್ನೆಟ್ ಮೇಲೆ ಮಾಡಿದ ಕರೆ ಈ ಫೋನಿಗೆ ಬರುತ್ತಿತ್ತು, ಮನೆಯ ವೈಫೈಯನ್ನು ಇದು ಮರೆತಿರಲಿಲ್ಲವಲ್ಲ. ಒಮ್ಮೆ ಆರಿದರೆ, ಲಾಕ್ ತೆಗೆಯುವ ತನಕ ಕರೆ ಬರುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಇಷ್ಟು ದಿನವೂ ಆರದಂತೆ ಕಾದುಕೊಂಡು ಬಂದಿದ್ದರು.

"ಸಾಯಂಕಾಲ ಅಡುಗೆಮನೆಯಿಂದ ಒಂದು ಸಲ ರಿಂಗ್ ಮಾಡ್ತೀನಿ. ಅವಳು ಇಟ್ಕೊಂಡಿದ್ದ ಟ್ಯೂನು ಆ ಕೋಣೆಯಿಂದ ಕೇಳುತ್ತೆ. ಬಚ್ಚಲಲ್ಲಿದ್ದಾಳೆ, ಈಗ ಬಂದು ಎತ್ತುತಾಳೆ ಅಂದ್ಕೋತೀನಿ. ನಿಂತ ಮೇಲೆ ಒಲೆ ಹಚ್ತೀನಿ. ಅಷ್ಟೇನಪ್ಪಾ. ಅಷ್ಟು ಮಾಡಿಕೊಡು."

ಪಿನ್ನಣ್ಣ ಎಷ್ಟೋ ಮನೆಗಳಲ್ಲಿ ಎಷ್ಟೋ ಬಾರಿ ಪಿನ್ನು ಒತ್ತಿದ್ದ. ಮರೆಸುವುದು ಇಷ್ಟು ಸಲೀಸು ಎಂದು ಹೆಮ್ಮೆ ಪಟ್ಟಿದ್ದವನಿಗೆ ಈಗ ತನ್ನ ಕೈಯೇ ಬೇಡವೆನಿಸಿತು. ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನು ಒಂದಕ್ಷರ ತಪ್ಪದೆ ಮತ್ತೆ ರೂಟರಿಗೆ ಕೊಟ್ಟರೆ ಆ ಫೋನು ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಅಳಿಸುವ ಮೊದಲು ನೋಡಿಟ್ಟುಕೊಳ್ಳುವ ಅಭ್ಯಾಸ ಅವನಿಗೆಲ್ಲಿತ್ತು?

"ಈ ವೈಫೈಗೆ ಸೇರಿದ್ದ ಬೇರೆ ಫೋನು ಯಾವುದಾದ್ರೂ ಇದ್ರೆ ಅದರಲ್ಲಿ ಪಾಸ್‌ವರ್ಡ್ ಸಿಗುತ್ತೆ ಅಕ್ಕ."

"ನನ್ನದಕ್ಕೆ ಹಾಕಿಲ್ಲ. ಇವರದಕ್ಕೂ ಇಲ್ಲ. ಇವರಿಗೆ ಅದೆಲ್ಲ ಎಲ್ಲಿ ಬರುತ್ತೆ?"

ಕುರ್ಚಿಯಲ್ಲಿದ್ದ ಡ್ರೈವರ್ ನೆಲ ನೋಡುತ್ತಿದ್ದರು. ಪಿನ್ನಣ್ಣನಿಗೆ ಥಟ್ಟನೆ ನೆನಪಾಯಿತು. ದೀಪಗಳು ಆರಿ ಹತ್ತಿದಾಗ ಅವರು ತಮ್ಮ ಫೋನು ತೆಗೆದು ನೋಡಿದ್ದೇಕೆ? ಸೇರಿಕೊಂಡಿರದ ಫೋನಿನಲ್ಲಿ ನೋಡುವುದಕ್ಕೆ ಏನಿರುತ್ತದೆ? ಬಾಗಿಲಲ್ಲಿ ಕೇಳಿದ ಪ್ರಶ್ನೆಯ ಅರ್ಥವೂ ಆಗ ಹೊಳೆಯಿತು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ನುಂಗಿಕೊಂಡ. ಹೆಂಡತಿಯ ಮುಂದೆ ಆ ಮನುಷ್ಯನನ್ನು ಹಿಡಿದುಕೊಡಲು ಮನಸ್ಸು ಬರಲಿಲ್ಲ. "ಯಾರ ಹತ್ರನಾದ್ರೂ ಇದ್ರೆ" ಎಂದು ಮತ್ತೊಮ್ಮೆ ಗೋಡೆಗೆ ಹೇಳಿದಂತೆ ಹೇಳಿ, ಬೇಕಿಲ್ಲದ ತಂತಿಯೊಂದನ್ನು ಬಿಚ್ಚಿ ಸುತ್ತತೊಡಗಿದ.

ಆಕೆ ಫೋನನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಕೊನೆಗೆ ಡ್ರೈವರ್ ಎದ್ದು ಬಂದರು. ತಮ್ಮ ಫೋನನ್ನು ಅವನ ಕೈಗಿಟ್ಟು, ಹೆಂಡತಿಯ ಕಡೆ ತಿರುಗದೆ ಹೇಳಿದರು:

"ಅವಳೇ ಹಾಕಿಕೊಟ್ಟಿದ್ಲು. ನಾನೇ ಎಲ್ಲಾ ಅಳಿಸಿ ಅಂದೆ ಇವರಿಗೆ. ದಿನಾ ಅದು ಹೊಡ್ಕೊಳ್ಳೋದು, ಯಾರೂ ಎತ್ತದೇ ಇರೋದು. ನನ್ನ ಕೈಲಿ ಆಗ್ತಾ ಇಲ್ಲ. ಅದು ಶುರುವಾದ್ರೆ ನಾನು ಮೆಟ್ಟಿಲಲ್ಲಿ ಹೋಗಿ ಕೂತ್ಕೋತೀನಿ. ನಿನಗೆ ಗೊತ್ತಾ ಅದು?"

ಆಕೆಗೆ ಗೊತ್ತಿರಲಿಲ್ಲ. ಸಿಗರೇಟು ಸೇದಲು ಹೋಗುತ್ತಾರೆ ಎಂದುಕೊಂಡಿದ್ದರಂತೆ ಇಷ್ಟು ದಿನ.

ಡ್ರೈವರ್ ಬೆರಳೊತ್ತಿ ತಮ್ಮ ಫೋನಿನ ಲಾಕ್ ತೆಗೆದುಕೊಟ್ಟರು. ಹಳೆಯ ವೈಫೈಯ ಹೆಸರು ಅದರಲ್ಲಿತ್ತು, ಕೆಳಗೆ ಪಾಸ್‌ವರ್ಡ್. ಅಕ್ಷರ, ಅಂಕಿಗಳ ಕಲಸುಮೇಲೋಗರ, ಯಾವ ಅರ್ಥವೂ ಇರಲಿಲ್ಲ. "ಏನಂತ ಇಟ್ಟಿದ್ಲು?" ಎಂದು ಆಕೆ ಆಸೆಯಿಂದ ಕೇಳಿದರು. "ಸುಮ್ನೆ ಅಕ್ಷರಗಳು ಅಕ್ಕ" ಎಂದ. ಅವುಗಳನ್ನು ಒಂದೊಂದಾಗಿ ನೋಡಿ, ಬಾಯಲ್ಲಿ ಹೇಳಿಕೊಂಡು, ರೂಟರಿನ ಸೆಟ್ಟಿಂಗಿನಲ್ಲಿ ತುಂಬಿದ. ಅಷ್ಟು ಭಯದಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಕಸೂತಿ ಬಟ್ಟೆಯನ್ನು ಮಡಿಸಿ ಗೂಡಿನ ಕೆಳಗಿಟ್ಟ.

ಆಕೆಯ ಕೈಯಲ್ಲಿದ್ದ ಫೋನಿನ ಮೇಲೆ ಗುರುತು ಮೂಡಿತು.

ಆಕೆ ಅದನ್ನು ಒಳಕೋಣೆಯಲ್ಲಿ ಅದರ ಜಾಗದಲ್ಲಿಟ್ಟು, ಅಡುಗೆಮನೆಗೆ ಹೋಗಿ ತಮ್ಮ ಫೋನಿನಿಂದ ಕರೆ ಮಾಡಿದರು. ಟ್ಯೂನು ಕೇಳಿಸಿತು. ಕುಣಿಯುವ ಹುಡುಗಿಯರಿಗೆ ಇಷ್ಟವಾಗುವಂಥ, ಲವಲವಿಕೆಯ ಟ್ಯೂನು. ಡ್ರೈವರ್ ಎದ್ದು ಬಾಗಿಲ ತನಕ ಹೋದವರು ಹೊಸ್ತಿಲಲ್ಲಿ ಬಿದ್ದಿದ್ದ ತರಕಾರಿ ಚೀಲ ನೋಡಿ ನಿಂತರು. ಅದನ್ನು ಎತ್ತಿಕೊಂಡು ವಾಪಸು ಬಂದು, ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತರು, ಚೀಲ ತೊಡೆಯ ಮೇಲೆ.

ಆಕೆ ಗಂಡನನ್ನು ನೋಡಿದರು. ದಿನವೂ ತಾನಾಗಿ ನಿಲ್ಲುವ ತನಕ ಬಿಡುತ್ತಿದ್ದ ಕರೆ ಅದು. ಅಂದು ಅರ್ಧಕ್ಕೇ ಫೋನನ್ನು ಬಾಯಿಯ ಹತ್ತಿರ ತಂದು, "ಇಡ್ತೀನಿ ಮಗಳೇ, ಅಪ್ಪ ಬಂದು ಕೂತಿದಾರೆ" ಎಂದು ಹೇಳಿ, ತಾವೇ ಇಟ್ಟರು.

ಪಿನ್ನಣ್ಣ ಸದ್ದಿಲ್ಲದೆ ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲಲ್ಲಿ ನಿಂತು ಕಾಲರಿನಿಂದ ಪಿನ್ನು ತೆಗೆದು ತನ್ನ ಸಲಕರಣೆ ಚೀಲದ ತಳಕ್ಕೆ ಹಾಕಿದ.