ತೊಟ್ಟಿಲ ಮನೆಗೆ ಮೊದಲು ಬಂದ ಕೂಸು

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಊರಿನ ಅಂಚಿನಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದಿತ್ತು. ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಕೂತು, ಬೆಂದ ಗೂಡಿನ ಎಳೆ ಹಿಡಿದು ರಾಟೆಗೆ ಕೊಡುವ ಕೆಲಸ ಅಲ್ಲಿ ಹೆಂಗಸರದು. ಅವರಲ್ಲಿ ಯಾರ ಬಾಯಿ ಜೋರು ಎಂದು ಕೇಳಿದರೆ ಎಲ್ಲರೂ ಮಹಾಲಕ್ಷ್ಮಮ್ಮನ ಕಡೆಗೇ ಕೈ ತೋರಿಸುತ್ತಿದ್ದರು. ಏಳನೇ ಕ್ಲಾಸು ಓದಿದವಳು, ತೆರಕಣಾಂಬಿಯ ಶಿವರುದ್ರಸ್ವಾಮಿಯ ಹೆಂಡತಿ. ಗಂಡ ಗುಂಡ್ಲುಪೇಟೆ ಲೈನಿನ ಬಸ್ಸಿಗೆ ಕಂಡಕ್ಟರಾದ ಮೇಲೆ ನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದರು. ಕಾರ್ಮಿಕರ ಸಂಘದಲ್ಲಿ ಹೆಂಗಸರ ಪರವಾಗಿ ಮಾತಾಡುವವಳು ಅವಳೇ. ಅವಳು ಮಾತಾಡಲು ಎದ್ದು ನಿಂತರೆ ಸಂಘದ ಅಧ್ಯಕ್ಷ ಮಲ್ಲಿಕಾರ್ಜುನಸ್ವಾಮಿ ಆರಾಮವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಕೆಲಸ ಅರ್ಧ ಮುಗಿದ ಹಾಗೆ.

ಕಾರ್ಖಾನೆಯ ಗೇಟಿನಾಚೆ ಒಂದು ಹುಣಸೆ ಮರ. ಅದರ ಕೊಂಬೆಗಳಿಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಹೆಂಗಸರು ತಮ್ಮ ಮೊಲೆಗೂಸುಗಳನ್ನು ಮಲಗಿಸಿ ಒಳಗೆ ಹೋಗುತ್ತಿದ್ದರು. ತೂಗುವುದಕ್ಕೆ ಅಕ್ಕಂದಿರು. ಸ್ಲೇಟು ಹಿಡಿಯಬೇಕಾದ ಹುಡುಗಿಯರು ಸೀರೆಯ ಸೆರಗು ಹಿಡಿದು ಇಡೀ ದಿನ ತೂಗುತ್ತಿದ್ದರು. ಮಹಾಲಕ್ಷ್ಮಮ್ಮನ ಮೊದಲ ಮಗಳು ವನಿತಾಳನ್ನು ಆ ಮರದ ಕೆಳಗೆ ತೂಗಿದ್ದು ಪಕ್ಕದ ಮನೆಯ ಒಂದು ಹುಡುಗಿ. ಆ ಹುಡುಗಿ ಆಮೇಲೆ ಸ್ಕೂಲಿನ ಮುಖ ನೋಡಲೇ ಇಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಮಹಾಲಕ್ಷ್ಮಮ್ಮನಿಗೆ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಎರಡನೆಯ ಸಲ ಬಸುರಾದಾಗ, ಈ ಮರದ ಜೋಲಿಗಳನ್ನು ಬಿಚ್ಚಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದಳು.

ಇಷ್ಟು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ, ಆಯಾ, ಹಾಲು, ಮೊಲೆಯೂಡಿಸಲು ಬಿಡುವು ಕೊಡಲೇಬೇಕು ಎಂದು ಕಾನೂನೇ ಇತ್ತು. ಮ್ಯಾನೇಜರು ಮಾತ್ರ ‘ನೋಡೋಣ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೆಂಗಸರೆಲ್ಲ ಜೋಲಿಯಿಂದ ಕೂಸುಗಳನ್ನು ಎತ್ತಿಕೊಂಡು ನೇರ ಅವರ ಕೋಣೆಗೆ ಹೋಗಿ, ಅವನ್ನು ನೆಲದ ಮೇಲೆ ಬಿಟ್ಟು, ಸುಮ್ಮನೆ ಕೆಲಸಕ್ಕೆ ಕೂತುಬಿಟ್ಟರು. ಇದೂ ಮಹಾಲಕ್ಷ್ಮಮ್ಮನದೇ ಉಪಾಯ. ಒಂದು ಕೂಸು ಮೇಜಿನ ಕೆಳಗೆ ತೆವಳಿತು, ಒಂದು ಸಾಹೇಬರ ಬೂಟಿನ ಮೇಲೆ ಒಂದಕ್ಕೆ ಮಾಡಿತು, ಉಳಿದವೆಲ್ಲ ಒಟ್ಟಿಗೆ ಅಳತೊಡಗಿದವು. ಊಟದ ಹೊತ್ತಿಗೆ ಮ್ಯಾನೇಜರು ಒಪ್ಪಿಕೊಂಡರು.

ಗೋದಾಮಿನ ಪಕ್ಕದ ಕೋಣೆಗೆ ಸುಣ್ಣ ಹೊಡೆದು ತೊಟ್ಟಿಲು ತಂದರು. ಬೋರ್ಡಿನಲ್ಲಿ ಬರೆದದ್ದು ಶಿಶುಪಾಲನಾ ಕೇಂದ್ರ ಅಂತ, ಹೆಂಗಸರ ಬಾಯಲ್ಲಿ ಅದು ತೊಟ್ಟಿಲ ಮನೆ. ಆಯಾ ಯಾರೆಂಬ ಪ್ರಶ್ನೆ ಬಂತು. ಬಾಯ್ಲರಿನಲ್ಲಿ ಕೆಲಸ ಮಾಡುತ್ತಿದ್ದ ಪುಟ್ಟಮಾದು ಕಾಮಾಲೆ ಬಂದು ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅವನ ಹೆಂಡತಿ ಚಿಕ್ಕನಿಂಗಮ್ಮ ಒಂದು ಹೆಣ್ಣು ಕೂಸು ಕಟ್ಟಿಕೊಂಡು ಕೂಲಿಗೆ ಅಲೆಯುತ್ತಿದ್ದಳು.

“ಸಂಘದ ಮನೆ ಮಕ್ಳ ನೋಡ್ಕಳಾಕೆ ಸಂಘದ ಮನೆಯವ್ಳೇ ಬೇಕು,” ಎಂದು ಮಹಾಲಕ್ಷ್ಮಮ್ಮ ಮೇಜು ಗುದ್ದಿದಳು. “ಪುಟ್ಟಮಾದು ಎಂಡ್ತಿಗೆ ಕೊಡ್ದೆ ಇದ್ರೆ ನಾಳಿಕೆ ಒಬ್ಳೂ ತೊಟ್ಟಿ ಮುಂದೆ ಕೂರಲ್ಲ.”

ಕೆಲಸ ಸಿಕ್ಕಿತು. ಚಿಕ್ಕನಿಂಗಮ್ಮ ಗೇಟಿನ ಹತ್ತಿರ ನಿಂತು ಅತ್ತಳು. ಮಹಾಲಕ್ಷ್ಮಮ್ಮನೂ ಕಣ್ಣೊರೆಸಿಕೊಂಡಳು, ಅದರಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ. ಪುಟ್ಟಮಾದು ದಲಿತರ ಕೇರಿಯವನೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಮಹಾಲಕ್ಷ್ಮಮ್ಮನ ಮನಸ್ಸಿಗೂ ಅದು ಬರಲಿಲ್ಲ.

ಉದ್ಘಾಟನೆಯ ದಿನ ಎಲ್ಲ ಕೂಸುಗಳೂ ಬಂದವು, ಫೋಟೋ ತೆಗೆದರು, ಸಿಹಿ ಹಂಚಿದರು. ಅಂದು ಸಂಜೆ ತೆರಕಣಾಂಬಿಯಿಂದ ಅತ್ತೆ ಬಂದಿಳಿದರು. ಆಯಾ ಯಾರೆಂದು ವಿಚಾರಿಸಿಕೊಂಡು, “ಅವ್ಳ ಕೈಲಿ ಆಲು ಕುಡ್ದ ಮೊಗೀನ ನಾನು ಎತ್ಕಳಲ್ಲ ಕನವ್ವ, ಈಗ್ಲೇ ಯೋಳ್ಬುಟ್ಟಿವ್ನಿ,” ಎಂದರು. ಮರುದಿನ ಮಹಾಲಕ್ಷ್ಮಮ್ಮ ತನ್ನ ಎರಡನೆಯ ಕೂಸು ಮಾದೇವನನ್ನು ಮನೆಯಲ್ಲೇ ಬಿಟ್ಟಳು. ಕೇಳಿದವರಿಗೆ ನೆಗಡಿ ಎಂದಳು. ಅತ್ತೆ ಎರಡು ದಿನವಿದ್ದು ಬಸ್ಸು ಹತ್ತಿದರು. ಅವರು ಹೋದ ಮೇಲೂ ಮಾದೇವನ ನೆಗಡಿ ವಾಸಿಯಾಗಲಿಲ್ಲ. ಅತ್ತೆಯ ಮಾತು ಸೊಸೆಗೂ ಅನುಕೂಲವಾಗಿತ್ತು ಎನ್ನುವುದೇ ಸರಿ. ಇಲ್ಲದಿದ್ದರೆ ಮ್ಯಾನೇಜರ ಎದುರು ಮೇಜು ಗುದ್ದಿದವಳಿಗೆ ಅತ್ತೆಯ ಎದುರು ನಾಲಗೆ ಬಿದ್ದು ಹೋಗಿತ್ತೇ?

ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಐದನೇ ಕ್ಲಾಸಿನ ವನಿತಾ ಸ್ಕೂಲು ಬಿಟ್ಟಳು.

“ಇನ್ನೊಂದ್ ವಾರ ಕನಮ್ಮಿ,” ಎಂದಳು ತಾಯಿ.

ಆ ವಾರ ಮುಗಿಯುವಂತೆ ಕಾಣಲಿಲ್ಲ. ಲೀಡರಮ್ಮನ ಕೂಸೇ ಇಲ್ಲವೆಂದ ಮೇಲೆ ಉಳಿದವರಿಗೂ ಒಬ್ಬೊಬ್ಬರಾಗಿ ಧೈರ್ಯ ಬಂತು. ಒಬ್ಬಳ ಕೂಸು ಹೊಸಬರ ಹತ್ತಿರ ನಿಲ್ಲುವುದಿಲ್ಲವಂತೆ, ಇನ್ನೊಬ್ಬಳದಕ್ಕೆ ಫ್ಯಾನಿನ ಗಾಳಿ ಆಗುವುದಿಲ್ಲವಂತೆ. ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹುಣಸೆ ಮರದಲ್ಲಿ ಮತ್ತೆ ಜೋಲಿಗಳು ತೂಗಾಡಿದವು. ಬಿಡುವಿನ ಹೊತ್ತಿಗೆ ವನಿತಾ ಮಾದೇವನನ್ನು ಎತ್ತಿಕೊಂಡು ಅದೇ ಮರದ ಕೆಳಗೆ ಬಂದು ಕಾಯುತ್ತಿದ್ದಳು. ತಾಯಿ ಓಡಿ ಬಂದು ಹಾಲೂಡಿಸಿ ವಾಪಸು ಓಡುತ್ತಿದ್ದಳು.

ಆ ಓಟದಲ್ಲಿ ತೊಟ್ಟಿಲ ಮನೆಯ ಕಿಟಕಿಯನ್ನು ದಾಟಬೇಕಿತ್ತು. ಒಳಗೆ ಚಿಕ್ಕನಿಂಗಮ್ಮ ದಿನವೂ ತೊಟ್ಟಿಲ ಬಟ್ಟೆ ಒಗೆದು, ಒಣಗಿಸಿ, ಮಡಚಿ ಇಡುತ್ತಿದ್ದಳು. ಅಷ್ಟೂ ತೊಟ್ಟಿಲ ನಡುವೆ ಆಡುತ್ತಿದ್ದುದು ಅವಳ ಮಗಳೊಂದೇ. ಮಹಾಲಕ್ಷ್ಮಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡು ಓಡುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಪಕ್ಕದ ಮನೆಯ ಆ ಹುಡುಗಿಯ ಬದುಕು ಹಾಳಾಯಿತೆಂದು ಊರೆಲ್ಲ ಕೂಗಾಡಿದವಳು ಈಗ ತನ್ನ ಮಗಳನ್ನೇ ಆ ಮರದ ಬುಡಕ್ಕೆ ತಂದು ಕೂರಿಸಿದ್ದಳು. ರಾತ್ರಿ ವನಿತಾಳ ತಲೆ ಬಾಚುವಾಗ ಇದೆಲ್ಲ ನೆನಪಾಗಿ ಬಾಚಣಿಗೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಎದ್ದರೆ ಮತ್ತೆ ನೆಗಡಿ.

ಒಂದು ದಿನ ಮಲ್ಲಿಕಾರ್ಜುನಸ್ವಾಮಿ ಕರೆದು ಹೇಳಿದರು, “ನೋಡಮ್ಮ, ಕೋಣೆ ಖಾಲಿ ಬಿದ್ದದೆ ಅಂತ ಮ್ಯಾನೇಜರು ನಗಾಡ್ತಾವ್ರೆ. ತಿಂಗ್ಳು ಮುಗಿಯೋದ್ರೊಳ್ಗೆ ಮಕ್ಳು ಬರ್ದಿದ್ರೆ ಮುಚ್ಚಿ ಗೋದಾಮು ಮಾಡ್ತಾರಂತೆ. ಆ ಎಣ್ಣುಮಗ್ಳ ಕೆಲ್ಸಾನೂ ಓಯ್ತದೆ.”

“ನಾ ಯೋಳ್ತೀನಿ ಬುಡಿ ಎಲ್ರಿಗೂವೆ,” ಎಂದಳು ಮಹಾಲಕ್ಷ್ಮಮ್ಮ. ಎಲ್ಲರಿಗೂ ಹೇಳಿದಳು ಕೂಡ. ಕೇಳಿಸಿಕೊಂಡ ಹೆಂಗಸರು ಅವಳ ಮುಖ ನೋಡಿ ಸುಮ್ಮನೆ ನಕ್ಕರು.

ಇದಾದ ಮೇಲೆ ಒಂದು ಸೋಮವಾರ ಬಿಡುವಿನಲ್ಲಿ ಓಡಿ ಬಂದರೆ ಮರದ ಕೆಳಗೆ ವನಿತಾ ಇಲ್ಲ. ಮಹಾಲಕ್ಷ್ಮಮ್ಮ ಮರದ ಸುತ್ತಮುತ್ತ ಹುಡುಕಿದಳು. ವಾಚ್‌ಮನ್ ನಾಗಯ್ಯ ಕೂತಲ್ಲಿಂದಲೇ, “ಯಾಕವ್ವ ಅಂಗೆ ಉಡುಕ್ತೀಯೆ? ನಿನ್ ಕೂಸು ಒಳ್ಗೆ ತೊಟ್ಲು ಮನೇಲದೆ,” ಎಂದ.

ಅವಳು ಒಳಗೆ ಓಡಿದಳು. ಬಾಗಿಲಲ್ಲಿ ನಾಲ್ಕಾರು ಹೆಂಗಸರು ಆಗಲೇ ಸೇರಿದ್ದರು. ಮಾದೇವ ಚಿಕ್ಕನಿಂಗಮ್ಮನ ತೊಡೆಯ ಮೇಲೆ, ಕಾರ್ಖಾನೆಯ ಹಾಲು ಕುಡಿದು, ತುಟಿಯ ಮೇಲೆ ಬಿಳಿ ಮೀಸೆ ಹೊತ್ತು ನಿದ್ದೆ ಹೋಗಿದ್ದ. ಬೆಳಿಗ್ಗೆ ತಾಯಿ ಕೆಲಸಕ್ಕೆ ಹೋದ ಮೇಲೆ ವನಿತಾ ಯೂನಿಫಾರಂ ಹಾಕಿಕೊಂಡು, ತಮ್ಮನನ್ನು ಇಲ್ಲಿ ಬಿಟ್ಟು, ‘ಅವ್ವ ಯೋಳುದ್ಲು’ ಎಂದು ಒಂದು ಸುಳ್ಳು ಹೇಳಿ ಸ್ಕೂಲಿಗೆ ಓಡಿದ್ದಳು.

ಮಹಾಲಕ್ಷ್ಮಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕನಿಂಗಮ್ಮ ಎಲ್ಲರಿಗೂ ಕೇಳುವಂತೆ ಅಂದಳು, “ನೀವೇ ಕಳಿಸುದ್ರಂತಲ್ಲ ಲಕ್ಷ್ಮಕ್ಕ! ವನಿತಾ ಬಂದು ಯೋಳುದ್ಲು. ನೆಗ್ಡಿ ವಾಸಿ ಆಯ್ತು ಅನ್ನಿ.”

ಹೆಂಗಸರೆಲ್ಲ ಮಹಾಲಕ್ಷ್ಮಮ್ಮನ ಕಡೆ ತಿರುಗಿದರು. ಇಲ್ಲ ಎಂದರೆ ಮಗಳು ಸುಳ್ಳಿ, ಹೌದು ಎಂದರೆ ತಾನು ಸುಳ್ಳಿ. ಕೈ ಕೂಸಿನ ಕಡೆ ಚಾಚಿತ್ತು, ಅಲ್ಲೇ ನಿಂತಿತು.

“ಹ್ಞೂ, ನಾನೇ ಕಳಿಸ್ದೆ,” ಎಂದಳು.

ಸಂಜೆ ಮನೆಗೆ ಹೋದಾಗ ವನಿತಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಹೊಡೆತ ಬೀಳುತ್ತದೆಂದು ಕಾದಳು, ಬೀಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, “ನಾಳಿಕೂ ಓಗ್ಲಾ ಅವ್ವ, ಸ್ಕೂಲ್ಗೆ?” ಎಂದು ಕೇಳಿದಳು.

“ಓಗು,” ಎಂದಳು ತಾಯಿ. ಮಗಳ ಕಣ್ಣಿಗೆ ಕಣ್ಣು ಕೊಡಲಾಗದೆ ಒಲೆಯ ಕಡೆ ತಿರುಗಿಕೊಂಡಳು.

ಆಮೇಲೆ ಎಲ್ಲ ಸಲೀಸಾಯಿತು. ಲೀಡರಮ್ಮನೇ ಕಳಿಸಿದ ಮೇಲೆ ನಮ್ಮದೇನು ಎಂದು ಉಳಿದವರೂ ಕೂಸುಗಳನ್ನು ತಂದರು. ಬರಲೊಲ್ಲದವರು ಒಬ್ಬಿಬ್ಬರು ಉಳಿದರು, ಉಳಿಯಲಿ. ಮರದ ಜೋಲಿಗಳು ಒಂದೊಂದಾಗಿ ಇಳಿದವು. ಮ್ಯಾನೇಜರು ಗೋದಾಮಿನ ಮಾತು ಬಿಟ್ಟರು. ಮಹಾಲಕ್ಷ್ಮಮ್ಮನ ಹೆಸರು ಸಂಘದ ಎಲ್ಲರ ಬಾಯಲ್ಲೂ ಓಡಾಡಿತು. ಜಾತಿಗೀತಿ ನೋಡದೆ ತನ್ನ ಕೂಸನ್ನೇ ಮೊದಲು ಕೊಟ್ಟ ಹೆಂಗಸು ಎಂದು ಮಲ್ಲಿಕಾರ್ಜುನಸ್ವಾಮಿ ಹೋದಲ್ಲೆಲ್ಲ ಹೇಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಕದ್ದ ಬಂಗಾರ ಮೈಮೇಲೆ ಹಾಕಿಕೊಂಡ ಹಾಗಾಗುತ್ತಿತ್ತು. ಆದರೂ ಒಂದು ಸಲವೂ ಅದನ್ನು ತೆಗೆದಿಡಲಿಲ್ಲ.

ಗುಂಡ್ಲುಪೇಟೆಯ ಕಾರ್ಮಿಕ ಹೆಂಗಸರೂ ತಮಗೊಂದು ತೊಟ್ಟಿಲ ಮನೆ ಬೇಕೆಂದು ಸಭೆ ಕರೆದರು. ಮಹಾಲಕ್ಷ್ಮಮ್ಮ ಬಂದು ಮಾತಾಡಬೇಕು, ಆಯಾ ಜೊತೆಗೆ ಬರಬೇಕು, ಆ ಕೂಸನ್ನೂ ತರಬೇಕು ಎಂದು ಹೇಳಿ ಕಳಿಸಿದರು. ಒಂದು ಭಾನುವಾರ ಚಿಕ್ಕನಿಂಗಮ್ಮ ತನ್ನ ಮಗಳನ್ನು ಕೇರಿಯಲ್ಲಿ ಬಿಟ್ಟು ಬಂದಳು, ಇಬ್ಬರೂ ಮಾದೇವನೊಂದಿಗೆ ಹೊರಟರು. ವೇದಿಕೆಯ ಮೇಲೆ ಹೂವಿನ ಹಾರ ಹಾಕಿದರು. ಇಲ್ಲಾದರೂ ನಿಜ ಹೇಳಿಬಿಡಬೇಕೆಂದು ಅವಳು ಮನಸ್ಸು ಮಾಡಿಕೊಂಡೇ ಎದ್ದಿದ್ದಳು. ಮೈಕಿನ ಮುಂದೆ ನಿಂತು, “ನಮ್ ಮಕ್ಳು ಯಾರ ಕೈಲಿದ್ರೇನು, ಕೈ ಬೆಚ್ಚಗಿದ್ರೆ ಸಾಕು,” ಎಂದುಬಿಟ್ಟಳು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಹಿಂದೆ, ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಚಿಕ್ಕನಿಂಗಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಕೈ ಖಾಲಿ ಇರಲಿಲ್ಲ ಎಂದು ಮಹಾಲಕ್ಷ್ಮಮ್ಮ ಸಮಾಧಾನ ಮಾಡಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಮಾದೇವ ಚಿಕ್ಕನಿಂಗಮ್ಮನ ತೊಡೆಯ ಮೇಲೆ ಮಲಗಿದ್ದ. ಕೊನೆಗೆ ಮಹಾಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ.

“ನಿಂಗಮ್ಮ, ಅವತ್ತು ಮೊಗೀನ ಕಳಿಸ್ದೋಳು ನಾನಲ್ಲ ಕನ. ವನಿತಾ ಸುಳ್ ಯೋಳಿದ್ಲು.”

“ಗೊತ್ತು ಕನಕ್ಕ.”

“ಗೊತ್ತಾ?”

“ಆ ಎಣ್ ಕೂಸು ಬಂದಾಗ ಕೈಕಾಲೆಲ್ಲ ನಡುಗ್ತಿದ್ದೊ. ಅವ್ವ ಯೋಳಿ ಕಳಿಸಿದ್ ಮಕ್ಳು ಅಂಗ್ ನಡುಗಲ್ಲ. ನೀವ್ ಬಂದು ಅದ್ರ ಮೇಲೆ ಬೀಳ್ತೀರ ಅಂತಾವ ಎಲ್ರ ಮುಂದೆ ಅಂಗಂದ್ಬುಟ್ಟೆ.”

ಮಹಾಲಕ್ಷ್ಮಮ್ಮ ತಲೆ ತಗ್ಗಿಸಿದಳು. ತಾನು ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದು ಪಕ್ಕದಲ್ಲಿ ಕೂತವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆ ಹಾರ, ಆ ಭಾಷಣ ಎಲ್ಲವನ್ನೂ ಅವಳು ಗೊತ್ತಿದ್ದೇ ನೋಡುತ್ತ ನಿಂತಿದ್ದಳು.

“ಒಂದ್ ಮಾತು ಕೇಳ್ಲಾ ಅಕ್ಕ? ಬೇಜಾರ್ ಮಾಡ್ಕಬ್ಯಾಡಿ,” ಎಂದಳು ಚಿಕ್ಕನಿಂಗಮ್ಮ. “ನನ್ಗೇ ಈ ಕೆಲ್ಸ ಕೊಡ್ಬೇಕು ಅಂತ ಮೇಜು ಗುದ್ದಿದ್ರಂತಲ್ಲ. ಆಗ ನಾನ್ ಯಾರು ಅಂತ ನಿಮ್ಗೆ ಗೊತ್ತಿರ್ಲಿಲ್ವಾ?”

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ನಮ್ಮತ್ತೆ ಎಂಬ ಮಾತು ಮಹಾಲಕ್ಷ್ಮಮ್ಮನ ನಾಲಗೆಯ ತುದಿಗೆ ಬಂತು. ಅತ್ತೆಯ ಮನೆ ಅಲ್ಲೇ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಎಲ್ಲವನ್ನೂ ಆ ಮುದುಕಿಯ ತಲೆಗೆ ಕಟ್ಟಿ ಹಗುರಾಗಬಹುದಿತ್ತು. ಜನ ಹತ್ತಿದರು, ಇಳಿದರು, ಬಸ್ಸು ಹೊರಟಿತು.

“ಗೊತ್ತಿತ್ತು ಕನ ನಿಂಗಮ್ಮ. ಬ್ಯಾರೆಯವ್ರ್ ಮಕ್ಳ ನೋಡ್ಕತೀಯೆ ಅಂದ್ಕಂಡಿದ್ದೆ. ನನ್ ಮೊಗೀನೂ ಅಂತ ಯೋಚ್ನೆ ಮಾಡಿರ್ಲಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ಚಿಕ್ಕನಿಂಗಮ್ಮ, ಮಲಗಿದ್ದ ಮಾದೇವನ ತಲೆಯ ಕೆಳಗೆ ಮೆಲ್ಲಗೆ ಕೈ ಕೊಟ್ಟು ಎತ್ತಿ, ತಾಯಿಯ ತೊಡೆಯ ಮೇಲೆ ಇಟ್ಟಳು.

“ಇಡ್ಕಳಿ ಅಕ್ಕ. ಕೈ ನೋಯ್ತದೆ,” ಎಂದು ಕಿಟಕಿಯ ಕಡೆ ತಿರುಗಿದಳು.

ಕೂಸಿಗೆ ಎಚ್ಚರವಾಯಿತು. ತಾಯಿಯ ಮುಖ ನೋಡಿತು, ಆ ಕಡೆ ತಿರುಗಿ ಚಿಕ್ಕನಿಂಗಮ್ಮನ ಸೆರಗಿಗೆ ಕೈ ಚಾಚಿ ಅಳತೊಡಗಿತು. ಮುಂದಿನ ಸೀಟಿನ ಹೆಂಗಸು ತಿರುಗಿ, “ಕೊಡವ್ವ ಆ ಅವ್ವನ ಕೈಗೆ, ಅದ್ಕೇ ಅಳ್ತಾ ಅದೆ,” ಎಂದಳು. ಕೊಡಲೇ ಎಂದು ಕೇಳುವ ಮುಖ ಮಹಾಲಕ್ಷ್ಮಮ್ಮನಿಗೆ ಇರಲಿಲ್ಲ. ನಗರ ಬರುವವರೆಗೂ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು, ಅದು ಅಳುತ್ತಲೇ ಇತ್ತು.